ಹಳೇ ಜೀಪು, ಬೇರೆ ಇಂಜಿನ್ನು

ಬೆಂಗಳೂರಿನಲ್ಲಿ ಹಳೇ ಗಾಡಿ ಹುಚ್ಚಿರೋ ಗೆಳೆಯರ ಬಾಯಲ್ಲಿ ಈಗ ಒಂದೇ ಮಾತು: 'ಇಂಜಿನ್ ಸ್ವಾಪ್'. ಹಳೇ ಓಪನ್ ಗಾಡಿ ಒಂದನ್ನ ತರಬೇಕು, ಅದರ ಸುಸ್ತಾದ ಇಂಜಿನ್ ಕಿತ್ತು ಹೊಸ ಟರ್ಬೋ ಇಂಜಿನ್ ಕೂರಿಸಬೇಕು, ಅದನ್ನೂ ಮನೆಯಲ್ಲೇ, ಶನಿವಾರ ಭಾನುವಾರ ಕೂತು ಮಾಡಬೇಕು. ವಿದೇಶದ ವಿಡಿಯೋಗಳನ್ನ ನೋಡಿ ಹುಟ್ಟಿದ ಆಸೆ ಇದು. ಹಾಗಾಗಿ ಇದು ವಿದೇಶದ್ದೇ ವಿದ್ಯೆ ಅಂತ ಬಹಳ ಜನ ಅಂದ್ಕೊಂಡಿದ್ದಾರೆ.

ನಾನು ಸಿರುಗುಪ್ಪ ತಾಲ್ಲೂಕಿನ ಕರೂರಿನವನು. ಎರೆ ಹೊಲ, ತುಂಗಭದ್ರೆಯ ನೀರು, ಭತ್ತ, ಟ್ರ್ಯಾಕ್ಟರು. ನಮ್ಮ ಕಡೆ ಈ ಕೆಲಸಕ್ಕೆ ಇಂಗ್ಲಿಷ್ ಹೆಸರು ಬರೋದಕ್ಕಿಂತ ಎಷ್ಟೋ ಮೊದಲೇ 'ಇಂಜಿನ್ ಇಳಿಸೋದು' ಅಂತ ಹೆಸರಿತ್ತು. ಮೂರು ಕಬ್ಬಿಣದ ಪೈಪು ಸೇರಿಸಿದ ತ್ರಿಪಾಯಿ, ಒಂದು ಚೈನ್ ಪುಲ್ಲಿ, ಬೇವಿನ ಮರದ ನೆರಳು. ಇಷ್ಟಿದ್ರೆ ಅದೇ ಗ್ಯಾರೇಜು. ಇಳಿಯುತ್ತಿದ್ದದ್ದು ಪೆಟ್ರೋಲ್ ಇಂಜಿನ್ನು, ಏರುತ್ತಿದ್ದದ್ದು ಡೀಸೆಲ್ಲು. ಗಾಡಿ ಯಾವುದು ಅಂತ ಕೇಳಬೇಕಾಗಿಲ್ಲ, ಜೀಪು. ಬಡವರ ನಾಡಿನ ಕನ್ವರ್ಟಿಬಲ್ ಅಂದ್ರೆ ಅದೇ ಅಲ್ಲವೇನ್ರಿ? ಮೇಲೆ ಕ್ಯಾನ್ವಾಸು, ಬೇಡ ಅಂದ್ರೆ ಮಡಚಿ ಹಿಂದಕ್ಕೆ.

ಈ ಇಂಜಿನ್ ಬದಲಾವಣೆಯ ಚರಿತ್ರೆಯನ್ನ ಒಮ್ಮೆ ಸರಿಯಾಗಿ ಜೋಡಿಸಿಕೊಂಡರೆ, ಇವತ್ತು ಮನೆಯಲ್ಲಿ ಇದನ್ನ ಮಾಡಬೇಕಾ ಬೇಡವಾ ಅನ್ನೋ ಪ್ರಶ್ನೆಗೂ ಉತ್ತರ ಸಿಗುತ್ತೆ.

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ. ವಿಲ್ಲೀಸ್ ಮತ್ತು ಫೋರ್ಡ್ ಎರಡೂ ಸೇರಿ ಯುದ್ಧದ ಹೊತ್ತಿಗೆ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಅದರೊಳಗಿದ್ದದ್ದು 'ಗೋ ಡೆವಿಲ್' ಅನ್ನೋ 2.2 ಲೀಟರಿನ, 60 ಹಾರ್ಸ್‌ಪವರಿನ ಪೆಟ್ರೋಲ್ ಇಂಜಿನ್. ಆಮೇಲೆ ವಿಲ್ಲೀಸ್‌ನವರು ಅದೇ ಇಂಜಿನ್ನಿನ ತಲೆ ಬದಲಿಸಿದರು. ಒಳಗೆ ಗಾಳಿ ಬಿಡೋ ವಾಲ್ವುಗಳನ್ನ ಬ್ಲಾಕಿನಿಂದ ಎತ್ತಿ ಹೆಡ್ಡಿನಲ್ಲಿ ಕೂರಿಸಿದರು. 'ಹರಿಕೇನ್' ಅಂತ ಹೆಸರಿಟ್ಟರು. ಶಕ್ತಿ 70 ದಾಟಿತು. ಆದರೆ ಇಂಜಿನ್ನಿನ ಎತ್ತರವೂ ಹೆಚ್ಚಾಯ್ತು, ಹಳೇ ಬಾನೆಟ್ಟು ಮುಚ್ಚಲಿಲ್ಲ. ಏನ್ ಮಾಡಿದ್ರು? ಬಾನೆಟ್ಟನ್ನೇ ಎತ್ತರಿಸಿದರು! 1953ರ ಸಿಜೆ3ಬಿ ಮಾಡೆಲ್ ಹುಟ್ಟಿದ್ದು ಹೀಗೆ. ನಾವು ಚಿಕ್ಕಂದಿನಿಂದ ನೋಡಿದ, ಎದೆ ಉಬ್ಬಿಸಿ ನಿಂತ ಆ ಉದ್ದ ಮೂತಿಯ ಮಹೀಂದ್ರಾ ಜೀಪಿನ ರೂಪ ಇದೇ. ಅಂದರೆ ನಮ್ಮ ಜೀಪಿನ ಮುಖವೇ ಒಂದು ಇಂಜಿನ್ ಬದಲಾವಣೆಯ ಗುರುತು. ಅದನ್ನ ಮಾಡಿದ್ದು ಮಾತ್ರ ಕಾರ್ಖಾನೆ, ಅಷ್ಟೇ ವ್ಯತ್ಯಾಸ.

1945ರಲ್ಲಿ 'ಮಹೀಂದ್ರಾ ಅಂಡ್ ಮೊಹಮ್ಮದ್' ಅಂತ ಶುರುವಾದ ಕಂಪನಿ 1948ರಲ್ಲಿ 'ಮಹೀಂದ್ರಾ ಅಂಡ್ ಮಹೀಂದ್ರಾ' ಆಯ್ತು. ಮುಂಬೈಯಲ್ಲಿ ಜೀಪು ಜೋಡಿಸೋ ಕೆಲಸ ಶುರುವಾಯ್ತು. ಬಿಡಿಒ ಸಾಹೇಬರ ಜೀಪು, ಪೊಲೀಸ್ ಜೀಪು, ಎಲೆಕ್ಷನ್ ಜೀಪು. ಸರ್ಕಾರ ಹಳ್ಳಿಗೆ ಬಂತು ಅನ್ನೋದಕ್ಕೆ ಜೀಪಿನ ಧೂಳೇ ಸಾಕ್ಷಿ. ಆದರೆ ಇವೆಲ್ಲ ಪೆಟ್ರೋಲ್ ಕುಡಿಯೋ ಗಾಡಿಗಳು. ಸರ್ಕಾರಿ ಜೀಪಿಗೆ ಸರ್ಕಾರದ ಪೆಟ್ರೋಲು, ಚಿಂತೆಯಿಲ್ಲ. ಹರಾಜಿನಲ್ಲಿ ಕೊಂಡ ರೈತನಿಗೆ?

1973ರ ಅಕ್ಟೋಬರಿನಲ್ಲಿ ಅರಬ್-ಇಸ್ರೇಲ್ ಯುದ್ಧ. ಕೆಲವೇ ತಿಂಗಳಲ್ಲಿ ಕಚ್ಚಾ ತೈಲ ಬ್ಯಾರೆಲ್ಲಿಗೆ ಸುಮಾರು 3 ಡಾಲರಿನಿಂದ 12 ಡಾಲರಿನ ಹತ್ತಿರಕ್ಕೆ ಹೋಯ್ತು. ನಮ್ಮಲ್ಲಿ ಬೆಲೆ ಕಟ್ಟುತ್ತಿದ್ದದ್ದು ಸರ್ಕಾರ. ಡೀಸೆಲ್ಲು ರೈತರ, ಲಾರಿಯವರ ಎಣ್ಣೆ ಅಂತ ಅಗ್ಗವಾಗೇ ಉಳೀತು. ಪೆಟ್ರೋಲು ಶ್ರೀಮಂತರದ್ದು ಅಂತ ಏರ್ತಾ ಹೋಯ್ತು. ಪೆಟ್ರೋಲ್ ಜೀಪು ಇಟ್ಕೊಂಡವರ ಮುಂದೆ ಎರಡೇ ದಾರಿ: ಗಾಡಿಯನ್ನ ಗುಜರಿಗೆ ಹಾಕೋದು, ಇಲ್ಲಾ ಇಂಜಿನ್ ಇಳಿಸೋದು.

ಡೀಸೆಲ್ ಇಂಜಿನ್ ಎಲ್ಲಿಂದ ತರೋದು? ಉತ್ತರ ಹೊಲದಲ್ಲೇ ಇತ್ತು. 1963ರಲ್ಲಿ ಮಹೀಂದ್ರಾ, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಸೇರಿ ಟ್ರ್ಯಾಕ್ಟರ್ ಕಂಪನಿ ಮಾಡಿದ್ದವು. ಅವರ ಬಿ-275 ಟ್ರ್ಯಾಕ್ಟರ್, 35 ಹಾರ್ಸ್‌ಪವರ್, ಊರೂರಿಗೆ ಬಂದಿತ್ತು. ಆ ಟ್ರ್ಯಾಕ್ಟರಿನ ಇಂಜಿನ್ ವಂಶವನ್ನೇ ಮುಂದೆ ಮಹೀಂದ್ರಾದವರು ಡೀಸೆಲ್ ಜೀಪಿಗೆ ಹಾಕಿದರು. ಮದ್ರಾಸಿನ ಸಿಂಪ್ಸನ್ ಕಂಪನಿ ಮಾಡುತ್ತಿದ್ದ ಪರ್ಕಿನ್ಸ್ ಇಂಜಿನ್ನುಗಳೂ ಇದ್ದವು. ಬೇವಿನ ಮರದ ಕೆಳಗಿನ ಮೇಸ್ತ್ರಿ ಹಿಡಿದದ್ದೂ ಇದೇ ದಾರಿ.

ಕೆಲಸ ಸುಲಭ ಅನ್ಕೋಬೇಡಿ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಅಡಾಪ್ಟರ್ ಪ್ಲೇಟು ಲೇತಿನಲ್ಲಿ ಕೊರೆಸಬೇಕು. ಅದರ ನಡುಗೆರೆ ಕೂದಲೆಳೆಯಷ್ಟು ತಪ್ಪಿದರೂ ಕ್ಲಚ್ ಬೇರಿಂಗು ತಿಂಗಳೊಪ್ಪತ್ತಿನಲ್ಲಿ ಹೋಗುತ್ತೆ. ಹಳೇ ಜೀಪಿನ ಕರೆಂಟು 6 ವೋಲ್ಟು, ಡೀಸೆಲ್ ಸ್ಟಾರ್ಟರಿಗೆ 12 ಬೇಕು. ಇನ್ನೊಂದು ತಮಾಷೆ ಕೇಳಿ. ಹಳೇ ಜೀಪಿನ ವೈಪರ್ ಓಡ್ತಿದ್ದದ್ದು ಪೆಟ್ರೋಲ್ ಇಂಜಿನ್ನಿನ ವ್ಯಾಕ್ಯೂಮಿನಿಂದ. ಡೀಸೆಲ್ ಇಂಜಿನ್ನಿನಲ್ಲಿ ಆ ಎಳೆತ ಇರೋದಿಲ್ಲ. ಬೇಸಿಗೆಯಲ್ಲಿ ಇಂಜಿನ್ ಬದಲಿಸಿದವನಿಗೆ ಇದು ಗೊತ್ತಾಗೋದು ಮೊದಲ ಮಳೆಯಲ್ಲಿ!

ಲೆಕ್ಕವೂ ಬದಲಾಗುತ್ತೆ. ಸಿಜೆ3ಬಿಯ ಆಕ್ಸಲ್ ರೇಶಿಯೋ 5.38. ಅಂದ್ರೆ ಟಾಪ್ ಗೇರಿನಲ್ಲಿ ಇಂಜಿನ್ 5.38 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 16 ಇಂಚಿನ ರಿಮ್ಮಿನ ಹಳೇ ಟೈರು ಒಂದು ಸುತ್ತಿಗೆ ಸುಮಾರು ಎರಡೂಕಾಲು ಮೀಟರ್ ಓಡುತ್ತೆ. ಇಂಜಿನ್ ನಿಮಿಷಕ್ಕೆ 4000 ಸುತ್ತಿದರೆ ಗಂಟೆಗೆ 100 ಕಿಲೋಮೀಟರ್ ಬಂತು. ಟ್ರ್ಯಾಕ್ಟರ್ ಇಂಜಿನ್ 2000ದ ಆಸುಪಾಸಿನಲ್ಲೇ ದುಡಿಯೋ ಪ್ರಾಣಿ, ಹಾಗಾಗಿ 50. ನಮ್ಮ ಕಡೆಯ ಡೀಸೆಲ್ ಜೀಪು ಹತ್ತು ಹನ್ನೆರಡು ಜನ ಹೊತ್ತು, ಗುಡುಗುಟ್ಟುತ್ತಾ, ಎಂದೂ ಅವಸರ ಮಾಡದೆ ಸಿರುಗುಪ್ಪಕ್ಕೆ ಹೋಗುತ್ತಿದ್ದದ್ದು ಇದಕ್ಕೇ. ಡ್ರೈವರನ ಸಮಾಧಾನ ಅಲ್ಲ ಅದು, ಗಣಿತ. ಆ ನಿಧಾನವೇ ಎಷ್ಟೋ ಜೀವ ಕಾಯ್ತು ಅಂತ ನನಗೆ ಅನ್ನಿಸುತ್ತೆ. ಈ ಮಾತಿಗೆ ಮತ್ತೆ ಬರ್ತೀನಿ.

1980ರ ದಶಕಕ್ಕೆ ಬರೋಣ. ಮಹೀಂದ್ರಾದವರು ಫ್ರಾನ್ಸಿನ ಪ್ಯೂಜೋ ಜೊತೆ ಒಪ್ಪಂದ ಮಾಡ್ಕೊಂಡು ಮಹಾರಾಷ್ಟ್ರದ ಇಗತ್‌ಪುರಿಯಲ್ಲಿ ಎಕ್ಸ್‌ಡಿಪಿ 4.90 ಇಂಜಿನ್ ಮಾಡತೊಡಗಿದರು. 4 ಅಂದ್ರೆ ನಾಲ್ಕು ಸಿಲಿಂಡರು, 90 ಅಂದ್ರೆ ಅದರ ಅಗಲ ಮಿಲಿಮೀಟರಿನಲ್ಲಿ. ಒಟ್ಟು 2112 ಸಿಸಿ. ಇದರ ಅಣ್ಣ 2498 ಸಿಸಿಯ ಎಕ್ಸ್‌ಡಿ3ಪಿ. 2000ನೇ ಇಸವಿಯ ಮೊದಲ ಬೊಲೆರೊದಲ್ಲೂ ಪ್ಯೂಜೋ ವಂಶದ 2.5 ಲೀಟರ್ ಡೀಸೆಲ್ಲೇ ಇದ್ದದ್ದು.

ಇಲ್ಲೊಂದು ಸೊಗಸಾದ ಸಂಬಂಧ ಇದೆ. 1979ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂದ ಮೊದಲ ಟರ್ಬೋ ಡೀಸೆಲ್ ಕಾರುಗಳಲ್ಲಿ ಒಂದು ಪ್ಯೂಜೋ 604. ಅದರ 2.3 ಲೀಟರ್ ಇಂಜಿನ್ ಇದೇ ಎಕ್ಸ್‌ಡಿ ಕುಟುಂಬದ್ದು. ಪ್ಯಾರಿಸ್ಸಿನಲ್ಲಿ ಸಾಹೇಬರ ಕಾರು ಎಳೆದ ಇಂಜಿನ್ನಿನ ದಾಯಾದಿ ನಮ್ಮ ಎರೆಮಣ್ಣಿನಲ್ಲಿ ಭತ್ತದ ಚೀಲ ಎಳೀತು.

ಟರ್ಬೋ ಅಂದ್ರೇನು? ಸೈಲೆನ್ಸರಿನಿಂದ ಸುಮ್ಮನೆ ಹೊರಗೆ ಹೋಗೋ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡಕ್ಕೆ ಕೂತ ಇನ್ನೊಂದು ಚಕ್ರದಿಂದ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬೋದು. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ತಗೊಂಡಿದ್ದ. ಕೆಲಸ ಮಾಡೋ ಹಾಗೆ ತೋರಿಸೋಕೆ 20 ವರ್ಷ ಬೇಕಾಯ್ತು. 1925ರಲ್ಲಿ ಡೀಸೆಲ್ ಇಂಜಿನ್ನಿನ ಶಕ್ತಿಯನ್ನ ಶೇಕಡ 40ಕ್ಕೂ ಹೆಚ್ಚಿಸಿದ. ಮೊದಲು ಹಡಗಿಗೆ, ಆಮೇಲೆ ಲಾರಿಗೆ, 1962ರಲ್ಲಿ ಅಮೆರಿಕದ ಕಾರಿಗೆ. ಆ ವರ್ಷ ಬಂದ ಷೆವರ್ಲೆ ಕೊರ್ವೇರ್ ಸ್ಪೈಡರ್ ಕನ್ವರ್ಟಿಬಲ್ ರೂಪದಲ್ಲೂ ಸಿಗ್ತಿತ್ತು. ಅದರ ಜೊತೆಗಾರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಥೆ ನಗು ಬರಿಸುತ್ತೆ. ಅದಕ್ಕೆ ಆಗಾಗ ಒಂದು ವಿಶೇಷ ದ್ರವ ತುಂಬಿಸ್ತಿರಬೇಕಿತ್ತು, ಜನ ತುಂಬಿಸಲಿಲ್ಲ. ಕೊನೆಗೆ ಕಂಪನಿಯೇ ಟರ್ಬೋ ತೆಗೆದು ಮಾಮೂಲಿ ಕಾರ್ಬ್ಯುರೇಟರ್ ಹಾಕಿಕೊಟ್ಟಿತು! ಟರ್ಬೋ ಅನ್ನೋದು ಒಂದು ಬಿಡಿಭಾಗ ಅಲ್ಲ, ಅದನ್ನ ಇಟ್ಕೊಳ್ಳೋದು ಒಂದು ಶಿಸ್ತು. ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗೋ ದಂಡಕ್ಕೆ ಎಣ್ಣೆ ಒಂದು ಕ್ಷಣ ತಪ್ಪಿದರೆ ಮುಗೀತು.

ಈಗ ಮನೆಯ ಶೆಡ್ಡಿಗೆ ಬರೋಣ. 2010ರ ಥಾರ್ ಸಿಆರ್‌ಡಿಇಯ ಟರ್ಬೋ ಇಂಜಿನ್ 105 ಹಾರ್ಸ್‌ಪವರ್, 247 ನ್ಯೂಟನ್ ಮೀಟರ್ ಟಾರ್ಕ್. ಹಳೇ ಹರಿಕೇನ್ ಸುಮಾರು 155. ಅಂದ್ರೆ ಒಂದೂವರೆ ಪಟ್ಟು. ಆ ತಿರುಚುಬಲವನ್ನ ತಡೀಬೇಕಾದದ್ದು 40ರ ದಶಕದ ವಿನ್ಯಾಸದ ಮೂರು ಗೇರಿನ ಗೇರ್‌ಬಾಕ್ಸು. ನಿಲ್ಲಿಸಬೇಕಾದದ್ದು 9 ಇಂಚಿನ ಡ್ರಮ್ ಬ್ರೇಕು, ಬೂಸ್ಟರ್ ಇಲ್ಲ. ಮೊದಲು ಹೇಳಿದ 50ರ ಮಿತಿ ಟರ್ಬೋ ಇಂಜಿನ್ ಕೂತ ದಿನವೇ ಹಾರಿಹೋಗುತ್ತೆ. ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. ನಮ್ಮ ಹಳ್ಳಿ ಮೇಸ್ತ್ರಿ ಹಾಕುತ್ತಿದ್ದ ಇಂಜಿನ್ ಗಾಡಿಯನ್ನ ನಿಧಾನ ಮಾಡ್ತಿತ್ತು, ಬ್ರೇಕಿಗೆ ಭಾರ ಬೀಳ್ತಿರಲಿಲ್ಲ. ವಿಡಿಯೋ ನೋಡಿ ನಾವು ಹಾಕೋ ಇಂಜಿನ್ ಗಾಡಿಯನ್ನ ಜೋರು ಮಾಡುತ್ತೆ. ಎರಡಕ್ಕೂ ಹೆಸರು ಒಂದೇ ಆದರೂ ಕೆಲಸ ಬೇರೆ ಬೇರೆ.

ಕಾನೂನೂ ಸುಮ್ಮನಿಲ್ಲ. 1939ರ ಮೋಟಾರು ಕಾಯಿದೆಯಲ್ಲಿ ಮಾರ್ಪಾಡು ಮಾಡಿದರೆ ಆರ್‌ಟಿಒಗೆ ತಿಳಿಸಿ ಒಪ್ಪಿಗೆ ಪಡೆಯೋ ದಾರಿಯಿತ್ತು. 1988ರ ಕಾಯಿದೆಯ 52ನೇ ಸೆಕ್ಷನ್ನಿಗೆ 2000ದಲ್ಲಿ ಆದ ತಿದ್ದುಪಡಿ ಆ ಬಾಗಿಲನ್ನ ಬಹುಮಟ್ಟಿಗೆ ಮುಚ್ಚಿತು: ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗೋ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳ ಹೈಕೋರ್ಟಿನ ತೀರ್ಪನ್ನ ತಳ್ಳಿಹಾಕಿ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಅಂತ ಬಂತು. ಸಿಎನ್‌ಜಿ, ಬ್ಯಾಟರಿಯಂಥ ಒಪ್ಪಿಗೆ ಪಡೆದ ಕಿಟ್ಟುಗಳಿಗೆ ಮಾತ್ರ ದಾರಿ ಇದೆ. ಬೇರೆ ತಳಿಯ ಟರ್ಬೋ ಇಂಜಿನ್ ತಂದು ಕೂರಿಸಿದರೆ ದಂಡ ಸಣ್ಣ ಮಾತು. ಅಪಘಾತ ಆದ ದಿನ ವಿಮೆಯವರಿಗೆ ತಕರಾರು ಎತ್ತೋಕೆ ಕಾರಣ ನೀವೇ ಕೈಗೆ ಕೊಟ್ಟಿರ್ತೀರಿ. ಎದುರಿನ ಬೈಕಿನವನ ಮನೆಯವರಿಗೆ ಪರಿಹಾರ ಕೊಡೋರು ಯಾರು ಅನ್ನೋ ಪ್ರಶ್ನೆ ಹುಟ್ಟೋದು ಅಲ್ಲಿ.

ಹಾಗಾಗಿ ನನ್ನ ಮಾತು ನೇರ. ರಸ್ತೆಗೆ ಇಳಿಸೋ ಆಸೆಯಿದ್ದರೆ ಮನೆಯಲ್ಲಿ ಟರ್ಬೋ ಕೂರಿಸಬೇಡಿ. ಓಪನ್ ಗಾಡಿ, ಟರ್ಬೋ ಎರಡೂ ಬೇಕಂದ್ರೆ ಸೆಕೆಂಡ್ ಹ್ಯಾಂಡ್ ಥಾರ್ ಸಿಗುತ್ತೆ. ಹಳೇ ಜೀಪಿಗೆ ಕೈ ಕೊಳೆ ಮಾಡ್ಕೊಳ್ಳೋ ಆಸೆ ಇದ್ದರೆ ಅದರದೇ ಇಂಜಿನ್ ಬಿಚ್ಚಿ ಕಟ್ಟಿ, ಮೊದಲು ಬ್ರೇಕು ಸರಿ ಮಾಡಿ. ಆ ಸುಖವೂ ಸಣ್ಣದಲ್ಲ.

ಆದರೆ ಚರಿತ್ರೆಗೆ ಒಂದು ಅನ್ಯಾಯ ಆಗ್ತಿದೆ, ಅದನ್ನ ಹೇಳದೆ ಮುಗಿಸೋಕೆ ಮನಸ್ಸಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ನಿಯಮ ತಂತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಇಂಜಿನ್, ಛಾಸಿ ದೊಡ್ಡದಾಗಿ ಬದಲಾಗಿರಬಾರದು. ಅರಮನೆಯ ಶೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿದ್ದ ಕಾರಿಗೆ ಈ ನಿಯಮ ಹೊಂದುತ್ತೆ. 1974ರಲ್ಲಿ ಬೇವಿನ ಮರದ ಕೆಳಗೆ ಡೀಸೆಲ್ ಇಂಜಿನ್ ಹಾಕಿಸ್ಕೊಂಡು ಐವತ್ತು ವರ್ಷ ಹೆರಿಗೆಗೆ, ಸಂತೆಗೆ, ಜಾತ್ರೆಗೆ ಓಡಿದ ಜೀಪಿಗೆ ಹೊಂದೋದಿಲ್ಲ. ಇಂಜಿನ್ ಬದಲಿಸಿದ್ದಕ್ಕೇ ಅದು ಉಳಿದದ್ದು. ಅದೇ ಕಾರಣಕ್ಕೆ ಅದು ಈಗ 'ಅಸಲಿ' ಅಲ್ಲ! ಜರ್ಮನಿಯಲ್ಲಿ 30 ವರ್ಷ ದಾಟಿದ ಗಾಡಿಗೆ ಪಾರಂಪರಿಕ ನಂಬರ್ ಪ್ಲೇಟು ಕೊಡುವಾಗ, ಆ ಕಾಲದಲ್ಲೇ ಆದ ಮಾರ್ಪಾಡನ್ನ ಪರೀಕ್ಷಿಸಿ ಒಪ್ಪಿಕೊಳ್ಳೋ ಪದ್ಧತಿ ಇದೆ. ನಮ್ಮಲ್ಲೂ ಬ್ರೇಕು, ಸ್ಟಿಯರಿಂಗು ಪರೀಕ್ಷಿಸಿ, ಹಳೇ ಆರ್‌ಸಿ ಪುಸ್ತಕದ ಷರಾ ನೋಡಿ ಅಂಥ ಜೀಪಿಗೂ ಒಂದು ಜಾಗ ಕೊಡೋಕೆ ಏನೂ ಅಡ್ಡಿಯಿಲ್ಲ.

ನಿಮ್ಮೂರಿನಲ್ಲಿ ಅಂಥ ಜೀಪು ಇನ್ನೂ ನಿಂತಿದ್ದರೆ, ಮುಂದಿನ ಹಬ್ಬಕ್ಕೆ ಹೋದಾಗ ಬಾನೆಟ್ಟು ಎತ್ತಿ ನೋಡಿ. ಇಂಜಿನ್ ನಂಬರು ಬರ್ಕೊಳ್ಳಿ, ಆರ್‌ಸಿಯ ಫೋಟೋ ತಗೊಳ್ಳಿ. ಅಡಾಪ್ಟರ್ ಪ್ಲೇಟು ಕೊರೆದ ಮೇಸ್ತ್ರಿ ಬದುಕಿದ್ದರೆ ಅವರ ಹತ್ತಿರ ಅರ್ಧ ಗಂಟೆ ಕೂತು ಕೇಳಿ. ಅವರು ಹೋದಮೇಲೆ ಆ ಪ್ಲೇಟಿನ ಅಳತೆ ಯಾವ ಪುಸ್ತಕದಲ್ಲೂ ಸಿಗೋದಿಲ್ಲ.