ಎತ್ತಿನ ಅಂಕಣದಿಂದ ಗ್ಯಾರೇಜಿನ ಹೀಟರ್‌ವರೆಗೆ

ವಿಜಯಪುರದಾಗ ಹೀಟರ್ ಯಾಕ್ರಿ ಅಂತ ನೀವು ಕೇಳಬಹುದು. ಬೆಂಗಳೂರಿನ ನನ್ನ ಸಹೋದ್ಯೋಗಿಗಳೂ ಹಿಂಗೇ ಕೇಳಿ ನಕ್ಕರು. ಅವರ ಲೆಕ್ಕದಲ್ಲಿ ನಮ್ಮೂರು ಅಂದರೆ 42 ಡಿಗ್ರಿ ಬಿಸಿಲು, ಗೋಳಗುಮ್ಮಟ, ಒಣದ್ರಾಕ್ಷಿ, ಇಷ್ಟೇ. ಡಿಸೆಂಬರ್ ನಡುವಿನಿಂದ ಜನವರಿ ಮುಗಿಯೋತನಕ ಬೆಳಗಿನ ಜಾವ ಪಾರಾ 10ರ ಆಸುಪಾಸು ಇಳಿಯುತ್ತದೆ ಅನ್ನೋದು ಇಲ್ಲಿ ಮಲಗಿ ಎದ್ದವರಿಗಷ್ಟೇ ಗೊತ್ತು. ನನ್ನ ಕೆಲಸ ಅಮೆರಿಕದ ಗಡಿಯಾರಕ್ಕೆ ಗಂಟು ಬಿದ್ದದ್ದು. ಮನೆಯಲ್ಲಿ ಮಗು ಮಲಗಿರುವುದರಿಂದ ರಾತ್ರಿ ಮೀಟಿಂಗೆಲ್ಲ ಗ್ಯಾರೇಜಿನಲ್ಲೇ. ಒಂದು ಕಡೆ ಬೈಕು, ಇನ್ನೊಂದು ಕಡೆ ನನ್ನ ಟೇಬಲ್ಲು. ವರ್ಷದಲ್ಲಿ ನಲವತ್ತು ರಾತ್ರಿ, ರಾತ್ರಿಗೆ ಎರಡು ತಾಸು ಬೆಚ್ಚಗಿದ್ದರೆ ಸಾಕು. ಅದಕ್ಕೆ ಏನು ತರಬೇಕು ಅನ್ನೋದೇ ಪ್ರಶ್ನೆ. ಹುಡುಕುತ್ತಾ ಹೋದರೆ ಇದು ಅಂಗಡಿಯ ಪ್ರಶ್ನೆಗಿಂತ ಇತಿಹಾಸದ ಪ್ರಶ್ನೆ ಅನಿಸಿತು.

ಈ ಸೀಮೆಯ ಕಟ್ಟಡಗಳನ್ನು ನೋಡ್ರಿ. ಎಲ್ಲವೂ ಬಿಸಿಲಿನ ವಿರುದ್ಧ ಕಟ್ಟಿದವು. 1656ರ ಗೋಳಗುಮ್ಮಟದ ಗೋಡೆ ಸುಮಾರು 3 ಮೀಟರ್ ದಪ್ಪ. ಸಿಂದಗಿ ದಾರಿಯ ಕುಮಟಗಿಯಲ್ಲಿ ಆದಿಲಶಾಹಿಗಳು ನೀರು ಮೇಲೇರಿಸಿ, ಕಾರಂಜಿಯಿಂದ ಚಿಮ್ಮಿಸಿ ಬೇಸಿಗೆಮನೆ ಮಾಡಿಕೊಂಡರು. ತಂಪಿಗೆ ಇಷ್ಟು ಖರ್ಚು ಮಾಡಿದ ನಾಡಿನಲ್ಲಿ ಚಳಿಗಾಗಿ ಗೋಡೆಯೊಳಗೆ ಬೆಂಕಿಗೂಡು ಕಟ್ಟಿದ ಮನೆ ನಾನು ಒಂದೂ ನೋಡಿಲ್ಲ. ಯಾಕಂದ್ರೆ ಚಳಿ ಇಲ್ಲಿ ಮನೆಯವನಲ್ಲ, ಬಂದು ಹೋಗೋ ಬೀಗ. ಬೀಗರಿಗಾಗಿ ಯಾರೂ ಗೋಡೆ ಒಡೆಯೋದಿಲ್ಲ, ಹೊರಸು ಹಾಕಿ ಕೊಡ್ತಾರ ಅಷ್ಟೇ. ಹಂಗಾಗಿ ನಮ್ಮ ಕಡೆಯ ಶಾಖವೆಲ್ಲ ಹೊತ್ತು ತಿರುಗೋ ಶಾಖ.

ಟಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಯ ಹಳೆ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ದನದ ಅಂಕಣ. ನಮ್ಮ ಅಜ್ಜನ ಮನೆಯೂ ಹಂಗೇ ಇತ್ತು. ಎರಡು ಎತ್ತು, ಒಂದು ಎಮ್ಮೆ, ಅದರಾಚೆ ಎತ್ತರದ ಕಟ್ಟೆ ಮೇಲೆ ನಾವು. ಈಗ ಎಂಜಿನಿಯರಿಂಗ್ ಕಣ್ಣಿನಿಂದ ಲೆಕ್ಕ ಹಾಕಿದರೆ, ಸುಮ್ಮನೆ ಮೆಲುಕು ಹಾಕುವ ಒಂದು ಎತ್ತು ಸುಮಾರು ಅರ್ಧ ಕಿಲೋವ್ಯಾಟ್ ಶಾಖ ಬಿಡುತ್ತದೆ. ಜೋಡೆತ್ತು ಅಂದರೆ ಒಂದು ಕಿಲೋವ್ಯಾಟ್, ಇವತ್ತಿನ ಅಂಗಡಿಯ ಸಾಧಾರಣ ಹೀಟರಿನಷ್ಟೇ. ಅಂದರೆ ಅಜ್ಜನ ಮನೆಯ ಗ್ಯಾರೇಜು ಅದೇ, ಅದರೊಳಗೆ ನಿಂತ ವಾಹನವೇ ಹೀಟರು! ನಾವು ಎತ್ತು ಮಾರಿ ಬೈಕು ತಂದೆವು. ವಾಹನ ಉಳಿಯಿತು, ಶಾಖ ಹೋಯಿತು.

ಇದರ ಜೊತೆಗೆ ಕೌದಿ, ಕಂಬಳಿ. ಹಳೆ ಸೀರೆ ಪದರು ಪದರು ಹಾಕಿ ಹೊಲಿದ ಕೌದಿಯೊಳಗೆ ಸಿಕ್ಕಿಬಿದ್ದ ಗಾಳಿಯೇ ಬೆಚ್ಚಗಿಡುವ ವಸ್ತು. ದಖ್ಖನಿ ಕುರಿಯ ಉಣ್ಣೆಯಿಂದ ಕುರುಬರು ನೇದು, ಹುಣಸಿಬೀಜದ ಗಂಜಿ ಹಾಕಿ ಬಿಗಿ ಮಾಡಿದ ಕಂಬಳಿ ಗಾಳಿಗೂ ಮಳೆಗೂ ಜಗ್ಗದು. ಇಲ್ಲಿನ ಪಾಠ ಒಂದೇ: ಕೋಣೆ ಕಾಯಿಸಬೇಡ, ಮನುಷ್ಯನನ್ನು ಕಾಯಿಸು. ಕಾಶ್ಮೀರದವರು ಫೆರನ್ ಒಳಗೆ ಕಾಂಗ್ಡಿ ಹಿಡಿದು ಓಡಾಡುವುದೂ ಇದೇ ಬುದ್ಧಿ.

ಬೆಂಕಿಗೆ ಬಂದರೆ, ಎರಿ ಹೊಲದ ಸೀಮೆಯಲ್ಲಿ ಗಿಡ ಕಡಿಮೆ, ಕಟ್ಟಿಗೆ ದುಬಾರಿ. ತೊಗರಿ ಕಟಗಿ, ಹತ್ತಿ ಕಟಗಿ, ಕುಳ್ಳು ಇವೇ ಉರುವಲು. ಹೊರಗೆ ಹೊಡಸಲ ಹಾಕಿ ಸುತ್ತ ಕೂತರೆ ಊರಿನ ಸುದ್ದಿಯೆಲ್ಲ ಅಲ್ಲೇ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಬಂದವರು ರಾತ್ರಿ ಕಳೆಯುವುದೂ ಹಿಂಗೇ. ಒಳಗೆ ಮಾತ್ರ ಶೆಗಡಿ. ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಶೆಗಡಿ ಇಟ್ಟು, ಮೇಲೆ ಅಜಿವಾನ ಉದುರಿಸುವುದು ಈಗಲೂ ನಡೆದಿದೆ.

ನಮ್ಮವ್ವನ ಸಲಹೆಯೂ ಅದೇ ಆಗಿತ್ತು. "ಹೀಟರ್ ಗೀಟರ್ ಯಾಕಪಾ, ಒಂದು ಶೆಗಡಿ ಕೆಂಡ ಹಾಕಿ ಕೊಡ್ತೀನಿ, ಶಟರ್ ಎಳಕೊಂಡು ಕೂಡು." ಆಕೆ ಬಾಳಿದ ಮನೆಯಲ್ಲಿ ಆ ಮಾತು ನಡೆಯುತ್ತಿತ್ತು. ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ, ಬಾಗಿಲ ಸಂದಿ, ತೊಲೆಗಳ ನಡುವೆ ಗಾಳಿ ಆಡುವ ದಾರಿ. ಹೊಗೆ ಹೋಗಲೆಂದು ಇಟ್ಟ ಬೆಳಕಿಂಡಿ, ಕಣ್ಣಿಗೆ ಕಾಣದ ಇನ್ನೊಂದನ್ನೂ ಹೊರಗೆ ಒಯ್ಯುತ್ತಿತ್ತು: ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ 1896ರ ವರದಿಯಲ್ಲಿ, ಗಣಿ ಸ್ಫೋಟಗಳಲ್ಲಿ ಹೆಚ್ಚಿನವರು ಸಿಡಿತಕ್ಕಲ್ಲ, ಈ ಅನಿಲಕ್ಕೆ ಸತ್ತದ್ದು ಎಂದು ತೋರಿಸಿಕೊಟ್ಟ. ಗಣಿಗೆ ಪುಟ್ಟ ಹಕ್ಕಿ ಒಯ್ಯುವ ಸಲಹೆಯೂ ಅವನದೇ. ಹೊಗೆ ಆಡುವ ಹಸಿ ಕಟ್ಟಿಗೆಗಿಂತ ನಿಗಿನಿಗಿ ಕೆಂಡವೇ ಇಲ್ಲಿ ಮೋಸಗಾರ. ಹೊಗೆ ಇಲ್ಲ, ಕಣ್ಣು ಉರಿಯೋದಿಲ್ಲ, ಆದ್ದರಿಂದ ಯಾರೂ ಎದ್ದು ಕಿಟಕಿ ತೆಗೆಯೋದಿಲ್ಲ. ನಿದ್ದೆ ಬಂದಂಗೆ ಆಗುತ್ತದೆ, ಅಷ್ಟೇ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಿ ಸತ್ತವರ ಸುದ್ದಿಯನ್ನು ಚಳಿಗಾಲದ ಪೇಪರಿನಲ್ಲಿ ನೀವೂ ಓದಿರುತ್ತೀರಿ.

ಅವ್ವನಿಗೆ ನಾನು ಹೇಳಿದ್ದು ಇಷ್ಟು: "ಶೆಗಡಿ ಅದೇ ಐತಿ, ಮನಿ ಬದಲಾಗೇದ." ಆರ್‌ಸಿಸಿ ಗ್ಯಾರೇಜಿಗೆ ಬೆಳಕಿಂಡಿ ಇಲ್ಲ. ಅದೇ ಕಾರಣಕ್ಕೆ ಗ್ಯಾಸ್ ಹೀಟರನ್ನೂ ಪಟ್ಟಿಯಿಂದ ಹೊಡೆದು ಹಾಕಿದೆ. ಬಾಣಂತಿ ಕೋಣೆಯ ಶೆಗಡಿಗೂ ಇದೇ ಮಾತು ಅನ್ವಯ. ಕಿಟಕಿ ತೆರೆದಿರಲಿ, ಕೆಂಡ ಇಟ್ಟು ಯಾರೂ ಮಲಗಬೇಡಿ.

ಉಳಿದದ್ದು ಕರೆಂಟು. 1841ರಲ್ಲಿ ಜೂಲ್ ತಂತಿಯೊಳಗಿನ ಶಾಖದ ಲೆಕ್ಕ ಬರೆದಿದ್ದರೂ ಮನೆಗೆ ಹೀಟರ್ ಬರಲು ಅರವತ್ತು ವರ್ಷ ಬೇಕಾಯಿತು. ಕೆಂಪಗೆ ಕಾದ ಕಬ್ಬಿಣದ ತಂತಿ ತುಕ್ಕು ಹಿಡಿದು ಹರಿದು ಹೋಗುತ್ತಿತ್ತು. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ಎಂಬವನಿಗೆ ನಿಕಲ್-ಕ್ರೋಮಿಯಂ ಮಿಶ್ರಲೋಹಕ್ಕೆ ಪೇಟೆಂಟ್ ಸಿಕ್ಕಿತು. ಇಸ್ತ್ರಿ, ಟೋಸ್ಟರ್, ನಮ್ಮ ಕಾಯಿಲ್ ಒಲಿ ಎಲ್ಲದರ ಹೊಟ್ಟೆಯಲ್ಲಿ ಇರೋದು ಅದೇ ನೈಕ್ರೋಮ್. ಶಿವನಸಮುದ್ರದಲ್ಲಿ 1902ಕ್ಕೇ ವಿದ್ಯುತ್ ಹುಟ್ಟಿದರೂ ಅದು ಮೈಸೂರು ಸಂಸ್ಥಾನದ ಭಾಗ್ಯ. 1956ರ ತನಕ ಮುಂಬಯಿ ಪ್ರಾಂತ್ಯದಲ್ಲಿದ್ದ ನಮಗೆ ಬೆಳಕು ತಡವಾಗಿಯೇ ಬಂತು. ಇವತ್ತು ಜಿಲ್ಲೆಯ ಕೂಡಗಿಯಲ್ಲೇ 2400 ಮೆಗಾವ್ಯಾಟಿನ ಸ್ಥಾವರ ಇದೆ.

ಈಗ ಆಯ್ಕೆ. ಎಣ್ಣೆ ತುಂಬಿದ ರೇಡಿಯೇಟರ್ ಸುರಕ್ಷಿತ, ಸದ್ದಿಲ್ಲ. ಆದರೆ ಕಾಯಲು ಅರ್ಧ ತಾಸು ಬೇಕು. ದಿನವಿಡೀ ಕೂರುವ ಕೋಣೆಗೆ ಅದು ಸರಿ, ಎರಡು ತಾಸಿನ ಮೀಟಿಂಗಿಗೆ ಅಲ್ಲ. ಫ್ಯಾನ್ ಹೀಟರ್ 2000 ವ್ಯಾಟ್, ಅಂದರೆ 230 ವೋಲ್ಟಿಗೆ ಸುಮಾರು 8.7 ಆಂಪಿಯರ್. 6 ಆಂಪಿಯರ್ ಸಣ್ಣ ಸಾಕೆಟ್ಟಿಗೂ ಎಕ್ಸ್‌ಟೆನ್ಷನ್ ಬೋರ್ಡಿಗೂ ಅದು ಆಗದು, 16 ಆಂಪಿಯರಿನ ಪಾಯಿಂಟೇ ಬೇಕು. ಮೇಲಾಗಿ ಅದು ಕಾಯಿಸೋದು ಗಾಳಿಯನ್ನು. ಹತ್ತು ಹದಿನೆಂಟು ಅಡಿಯ ಗ್ಯಾರೇಜಿನ ಗಾಳಿಯನ್ನಷ್ಟೇ 10 ಡಿಗ್ರಿ ಏರಿಸಲು ಕಾಲು ಯೂನಿಟ್ಟೂ ಬೇಡ. ಆದರೆ ಆ ಬಿಸಿ ಗಾಳಿಯನ್ನು ಶಟರಿನ ಸಂದಿ ಹೊರಗೆ ಕಳಿಸುತ್ತದೆ, ಉಳಿದದ್ದನ್ನು ತಣ್ಣನೆಯ ಕಾಂಕ್ರೀಟು ಕುಡಿಯುತ್ತದೆ. ಓಣಿ ಕಾಯಿಸಿದಂಗೆ ಆಗುತ್ತದೆ.

ಹಂಗಾಗಿ ನಾನು ತಂದದ್ದು ಎರಡು ಸರಳಿನ, 800 ವ್ಯಾಟಿನ ಕ್ವಾರ್ಟ್ಜ್ ಹೀಟರ್. ಇದು ಎಳೆಯೋದು ಸುಮಾರು 3.5 ಆಂಪಿಯರ್. 1800ರಲ್ಲಿ ವಿಲಿಯಂ ಹರ್ಷೆಲ್ ಅಶ್ರಗದ ಕೆಂಪು ಬಣ್ಣದಾಚೆ ಥರ್ಮಾಮೀಟರ್ ಇಟ್ಟು ಕಂಡುಕೊಂಡ ಆ ಕಾಣದ ಕಿರಣಗಳೇ ಇದರ ಕೆಲಸದವು. ಗಾಳಿಯನ್ನು ಬಿಟ್ಟು ನೇರ ಮೈಗೆ ತಾಗುತ್ತವೆ. ಹೊಡಸಲದ ಮುಂದೆ ಕೂತಾಗ ಮುಖ ಬೆಚ್ಚಗೆ, ಬೆನ್ನು ತಣ್ಣಗೆ ಅನಿಸುತ್ತದಲ್ಲ, ಅದೇ. ಬೆನ್ನಿಗೆ ಕೌದಿ ಇದ್ದೇ ಇದೆ.

ಗ್ಯಾರೇಜಿಗೆ ಮಾತ್ರ ಒಂದು ಷರತ್ತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ, ಎಂಥ ಚಳಿಯಲ್ಲೂ ಕಿಡಿಗಾಗಿ ಕಾಯುತ್ತಿರುತ್ತದೆ. ಕೆಂಪಗೆ ಕಾದ ಸರಳು ಅದರ ಹತ್ತಿರ ಇರಕೂಡದು. ಆದ್ದರಿಂದ ಬೈಕು, ಡಬ್ಬಿ, ಪೇಂಟು, ಥಿನ್ನರ್ ಮೊದಲು ಹೊರಗೆ; ಶಟರ್ ಎತ್ತಿ ಐದು ಹತ್ತು ನಿಮಿಷ ಗಾಳಿ ಆಡಲಿ; ಹೀಟರ್ ನೆಲದ ಮೇಲಲ್ಲ, ಗೋಡೆಯ ಗಟ್ಟಿ ಬ್ರಾಕೆಟ್ಟಿನ ಮೇಲೆ, ಟೇಬಲ್ಲಿಗಿಂತ ಎತ್ತರದಲ್ಲಿ. ಬೈಕು ಹೊರಗಿಡಲು ಜಾಗವೇ ಇಲ್ಲದವರು ನಿಧಾನವಾದರೂ ಎಣ್ಣೆಯ ರೇಡಿಯೇಟರೇ ತಗೊಳ್ಳಿ, ಅದರ ಸರಳು ಹೊರಗೆ ಕಾಣುವುದಿಲ್ಲ. ಆದರೂ ಅದರ ಸ್ವಿಚ್ಚಿನೊಳಗೂ ಸಣ್ಣ ಕಿಡಿ ಹಾರುತ್ತದೆ, ಪೆಟ್ರೋಲ್ ವಾಸನೆ ಬಂದರೆ ಅದನ್ನೂ ಹಚ್ಚಬೇಡಿ.

ಕರೆಂಟ್ ಖರ್ಚು ತಾಸಿಗೆ ಒಂದು ಯೂನಿಟ್ಟಿಗಿಂತ ಕಡಿಮೆ. ನಲವತ್ತು ರಾತ್ರಿ, ಎರಡೆರಡು ತಾಸು ಅಂದರೆ 64 ಯೂನಿಟ್. ಎತ್ತಿನ ಮೇವಿಗಿಂತ ಅಗ್ಗ ಅಂತ ಅವ್ವನಿಗೆ ಹೇಳಿದೆ. "ಎತ್ತು ಸಗಣಿ ಕೊಡತಿತ್ತು, ಇದೇನ್ ಕೊಡತೈತಿ?" ಅಂದಳು.