ಉಗ್ರಾಣಿಯ ಅಳತೆ

ಫ್ರಾನ್ಸ್ ದೇಶದ ದಕ್ಷಿಣ ಕರಾವಳಿಯಲ್ಲಿರುವ ಕಾನ್ ನಗರದ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಅಲ್ಲಿ ನಡೆಯುವ ಚಲನಚಿತ್ರೋತ್ಸವದಿಂದ ಅದು ಜಗದ್ವಿಖ್ಯಾತ. ಆದರೆ ಆ ನಗರದ ಬಂದರಿನಿಂದ ದೋಣಿಯಲ್ಲಿ ಸ್ವಲ್ಪ ಹೊತ್ತು ಸಾಗಿದರೆ ಸಿಗುವ ಸಂತ ಹೊನೊರಾ ದ್ವೀಪ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. ಸುಮಾರು ಒಂದೂವರೆ ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರಿಗೂ ಕಡಿಮೆ ಅಗಲದ ಈ ತುಂಡು ನೆಲದಲ್ಲಿ ಸಿಸ್ಟರ್ಷಿಯನ್ ಸಭೆಯ ಸನ್ಯಾಸಿಗಳ ಒಂದು ಮಠವಿದೆ. ಮಠದ ಸುತ್ತ ಸುಮಾರು 8 ಹೆಕ್ಟೇರ್, ಅಂದರೆ 20 ಎಕರೆಯಷ್ಟು ದ್ರಾಕ್ಷಿತೋಟವಿದೆ. ಲೆರಾನ್ಸ್ ಎಂದು ಕರೆಯಲಾಗುವ ಈ ಮಠದ ದ್ರಾಕ್ಷಾರಸ ಇಂದು ದೊಡ್ಡ ದೊಡ್ಡ ಭೋಜನಶಾಲೆಗಳನ್ನು ತಲುಪುತ್ತದೆ.

ಸನ್ಯಾಸಿಗಳು ಮದ್ಯ ತಯಾರಿಸಿ ಮಾರುವುದೇ ಎಂದು ನೀವು ಹುಬ್ಬೇರಿಸಬಹುದು. ನಿಮ್ಮ ಪ್ರಶ್ನೆ ಸಹಜವಾದುದೇ. ಕುಡಿತದಿಂದ ತಾಳಿ ಅಡವಿಟ್ಟ ಮನೆಗಳನ್ನು, ತಂದೆಯ ಹೆಜ್ಜೆಯ ಸಪ್ಪಳಕ್ಕೇ ಬೆದರುವ ಮಕ್ಕಳನ್ನು ಕಂಡವರು ನಾವು. ಆದರೆ ಇದೇ ಪ್ರಶ್ನೆಯನ್ನು ಸಾವಿರದ ಐನೂರು ವರ್ಷಗಳ ಹಿಂದೆಯೇ ಎದುರಿಸಿದ ಒಬ್ಬ ಸನ್ಯಾಸಿ ಇದೇ ದ್ವೀಪದಲ್ಲಿ ಬೆಳೆದವನು. ಅವನ ಕಥೆಯನ್ನು ಅರಿಯಬೇಕಾದರೆ ಮೊದಲು ದ್ವೀಪದ ಕಥೆಯನ್ನು ಅರಿಯಬೇಕು.

ಐದನೆಯ ಶತಮಾನದ ಆರಂಭದಲ್ಲಿ ಹೊನೊರಾತುಸ್ ಎಂಬ ಭಕ್ತನು ಏಕಾಂತವನ್ನು ಅರಸುತ್ತ ಇಲ್ಲಿಗೆ ಬಂದನು. ಆಗ ಇದು ಹಾವುಗಳಿಂದ ತುಂಬಿದ ನಿರ್ಜನ ನೆಲವಾಗಿತ್ತೆಂದು ಐತಿಹ್ಯ ಹೇಳುತ್ತದೆ. ಕೆಲವೇ ವರ್ಷಗಳಲ್ಲಿ ಅವನ ಸುತ್ತ ಶಿಷ್ಯರು ನೆರೆದರು. ಮುಂದೆ ಈ ಪುಟ್ಟ ದ್ವೀಪ ಅಂದಿನ ಗಾಲ್ ನಾಡಿಗೆ ಧರ್ಮಾಧ್ಯಕ್ಷರನ್ನು ಕೊಡುವ ಗುರುಕುಲವೇ ಆಯಿತು. ಆರ್ಲ್ ನಗರಕ್ಕೆ ಹೊನೊರಾತುಸ್ ಮತ್ತು ಹಿಲರಿ, ಲಿಯೋನಿಗೆ ಯೂಕೇರಿಯುಸ್, ಜಿನೀವಾಕ್ಕೆ ಸಲೋನಿಯುಸ್ ಹೀಗೆ ಹಲವರು ಇಲ್ಲಿಂದಲೇ ಹೋದವರು. ಏಳನೆಯ ಶತಮಾನದಲ್ಲಿ ಮಠವು ಸಂತ ಬೆನೆಡಿಕ್ಟರ ನಿಯಮಾವಳಿಯನ್ನು ಸ್ವೀಕರಿಸಿತು. ಎಂಟನೆಯ ಶತಮಾನದಲ್ಲಿ ಕಡಲಿನಿಂದ ಬಂದ ದಾಳಿಕಾರರ ಕತ್ತಿಗೆ ಸನ್ಯಾಸಿಗಳು ಬಲಿಯಾದರು. ಹನ್ನೊಂದನೆಯ ಶತಮಾನದಲ್ಲಿ ಕಟ್ಟಲಾರಂಭಿಸಿದ ಕೋಟೆಯಂಥ ಗೋಪುರ ಇಂದಿಗೂ ಕಡಲಂಚಿನಲ್ಲಿ ನಿಂತಿದೆ. ಫ್ರಾನ್ಸಿನ ಮಹಾಕ್ರಾಂತಿಯ ಹೊತ್ತಿಗೆ ಮಠ ಬರಿದಾಗಿ, 1791ರಲ್ಲಿ ದ್ವೀಪವು ಖಾಸಗಿಯವರಿಗೆ ಮಾರಾಟವಾಯಿತು. 1859ರಲ್ಲಿ ಫ್ರೆಜೂಸಿನ ಧರ್ಮಾಧ್ಯಕ್ಷರು ಅದನ್ನು ಮರಳಿ ಕೊಂಡರು. 1869ರಲ್ಲಿ ಸೆನಾಂಕ್ ಮಠದ ಸಿಸ್ಟರ್ಷಿಯನ್ ಸನ್ಯಾಸಿಗಳು ಬಂದು ನೆಲೆಸಿದರು. ಕಳೆದ ಶತಮಾನದ ಕೊನೆಯ ದಶಕದಿಂದ ಅವರು ದ್ರಾಕ್ಷಿತೋಟಕ್ಕೆ ಹೊಸ ಜೀವ ತುಂಬಿದ್ದಾರೆ. ದಿನದ ಪ್ರಾರ್ಥನಾ ವೇಳೆಗಳ ನಡುವೆಯೇ ಬಳ್ಳಿ ಸವರುವ, ಹಣ್ಣು ಕೊಯ್ಯುವ ಕೆಲಸ ಸಾಗುತ್ತದೆ. ತಮ್ಮ ಕೈದುಡಿಮೆಯಿಂದ ಬದುಕುವವನೇ ನಿಜವಾದ ಸನ್ಯಾಸಿ ಎಂಬುದು ಸಂತ ಬೆನೆಡಿಕ್ಟರ ನಿಲುವಲ್ಲವೇ?

ಈ ತೋಟದ ದ್ರಾಕ್ಷಾರಸಗಳಿಗೆ ಸಂತರ ಹೆಸರುಗಳನ್ನೇ ಇಟ್ಟಿದ್ದಾರೆ. ಸಿರಾ ಎಂಬ ಕಪ್ಪು ದ್ರಾಕ್ಷಿಯ ರಸಕ್ಕೆ ಸಂಸ್ಥಾಪಕ ಹೊನೊರಾತುಸನ ಹೆಸರು. ಪಿನೋ ನ್ವಾರ್ ಎಂಬ ತೆಳುಸಿಪ್ಪೆಯ ದ್ರಾಕ್ಷಿಯದಕ್ಕೆ ಸಲೋನಿಯುಸನ ಹೆಸರು. ಶಾರ್ದೊನೆ ಎಂಬ ಬಿಳಿ ದ್ರಾಕ್ಷಿಯದಕ್ಕೆ ಸೆಸಾರಿಯುಸನ ಹೆಸರು. ಇವುಗಳಲ್ಲಿ ಯಾವುದನ್ನು ಯಾವ ಅಡುಗೆಯೊಂದಿಗೆ ಬಡಿಸಬೇಕೆಂಬುದು ಆ ನಾಡಿನವರಿಗೆ ದೊಡ್ಡ ವಿಚಾರ. ಅದು ಸಿರಿವಂತರ ಶೋಕಿಯೆಂದು ತಳ್ಳಿಹಾಕುವ ಮುನ್ನ ಅದರ ಒಳಗುಟ್ಟನ್ನು ತುಸು ಗಮನಿಸಿ.

ಕಪ್ಪು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿ ಒಗರು ಇರುತ್ತದೆ. ಎಳೆಯ ಬಾಳೆಕಾಯಿ ತಿಂದಾಗ ನಾಲಿಗೆ ಹಿಡಿದಂತಾಗುವುದಲ್ಲ, ಅದೇ ಒಗರು. ಅದು ಬಾಯಿಯ ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಬಾಯಿ ಒಣಗಿದಂತಾಗುತ್ತದೆ. ಕೊಬ್ಬಿನಿಂದ ಕೂಡಿದ ಮಾಂಸವನ್ನು ಜೊತೆಗೆ ತಿಂದರೆ ಒಗರು ತಗ್ಗುತ್ತದೆ, ಮಾಂಸದ ಜಿಡ್ಡೂ ಹಗುರವಾಗುತ್ತದೆ. ಆದ್ದರಿಂದಲೇ ಸಿರಾ ದ್ರಾಕ್ಷಾರಸಕ್ಕೆ ಬೆಟ್ಟದ ಸೊಪ್ಪುಗಳ ಪರಿಮಳದೊಂದಿಗೆ ಸುಟ್ಟ ಕುರಿಮಾಂಸ ಒಗ್ಗುತ್ತದೆ. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುವ ‘ದೋಬ್’ ಎಂಬ ದನದ ಮಾಂಸದ ಸಾರು ಒಗ್ಗುತ್ತದೆ. ಅದೇ ಕೆಂಪು ರಸವನ್ನು ಮೀನಿನೊಂದಿಗೆ ಕುಡಿದರೆ ಬಾಯಲ್ಲಿ ವಾಸನೆ ಉಳಿಯುತ್ತದೆ. ಅದರಲ್ಲಿರುವ ಕಬ್ಬಿಣದ ಅಂಶವೇ ಇದಕ್ಕೆ ಮುಖ್ಯ ಕಾರಣವೆಂದು 2009ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಮೀನಿಗೆ ಹುಳಿಯುಳ್ಳ ಬಿಳಿ ದ್ರಾಕ್ಷಾರಸವೇ ಸರಿ. ನಾವು ಮೀನಿಗೆ ಹುಣಸೆಯನ್ನೋ ನಿಂಬೆಯನ್ನೋ ಬೆರೆಸುವ ವಿವೇಕವೂ ಇದೇ ಬಗೆಯದು. ಆಡಿನ ಹಾಲಿನ ಎಳೆಯ ಗಿಣ್ಣಿಗೂ ಬಿಳಿಯದೇ ಹೊಂದುತ್ತದೆ.

ಆ ಪ್ರೊವಾನ್ಸ್ ಸೀಮೆಯಲ್ಲಿ ಊಟವು ಧರ್ಮಸಭೆಯ ಪಂಚಾಂಗವನ್ನೂ ಅನುಸರಿಸುತ್ತದೆ. ಕ್ರಿಸ್ತಜಯಂತಿಯ ಹಿಂದಿನ ರಾತ್ರಿಯ ಊಟ ಮಾಂಸವಿಲ್ಲದ್ದು. ಅದರ ಕೊನೆಗೆ ಪ್ರಭುವನ್ನೂ ಹನ್ನೆರಡು ಮಂದಿ ಪ್ರೇಷಿತರನ್ನೂ ನೆನೆದು 13 ಬಗೆಯ ಸಿಹಿಗಳನ್ನಿಡುತ್ತಾರೆ. ಒಣದ್ರಾಕ್ಷಿ, ಒಣ ಅಂಜೂರ, ಬಾದಾಮಿ, ಅಕ್ರೋಟು ಎಂಬ ನಾಲ್ಕನ್ನು ಭಿಕ್ಷಾಟನೆಯ ನಾಲ್ಕು ಸನ್ಯಾಸಿ ಸಭೆಗಳ ಗುರುತೆಂದು ಭಾವಿಸುತ್ತಾರೆ. ಜೊತೆಗೆ, ಹೊಸ ದ್ರಾಕ್ಷಿಯ ರಸವನ್ನು ಕಡಾಯಿಯಲ್ಲಿ ಕಾಯಿಸಿ ಹುದುಗಿಸಿದ ಸಿಹಿ ಪಾನೀಯವನ್ನು ಸಣ್ಣ ಲೋಟದಲ್ಲಿ ಹಂಚುತ್ತಾರೆ. ಇಲ್ಲೆಲ್ಲ ಒಂದು ಅಂಶವನ್ನು ನೀವು ಗುರುತಿಸಿರಬೇಕು. ದ್ರಾಕ್ಷಾರಸ ಎಂದೂ ಒಂಟಿಯಾಗಿ ಬರುವುದಿಲ್ಲ. ಅದಕ್ಕೆ ರೊಟ್ಟಿಯ, ಸಾರಿನ, ಒಟ್ಟಿಗೆ ಕುಳಿತ ಮನೆಮಂದಿಯ ಜೊತೆಯಿದೆ. ಆ ಜೊತೆಯೇ ಅದಕ್ಕೆ ಕಡಿವಾಣ.

ಈಗ ನಾನು ಹೇಳಹೊರಟ ಸನ್ಯಾಸಿಯ ವಿಚಾರಕ್ಕೆ ಬರೋಣ. ಬಿಳಿ ದ್ರಾಕ್ಷಾರಸಕ್ಕೆ ಹೆಸರು ಕೊಟ್ಟ ಸೆಸಾರಿಯುಸನೇ ಅವನು. ಐದನೆಯ ಶತಮಾನದ ಕೊನೆಯ ಭಾಗದಲ್ಲಿ ತರುಣನಾಗಿ ಲೆರಾನ್ಸ್ ಮಠವನ್ನು ಸೇರಿದ ಅವನನ್ನು ಮಠಾಧಿಪತಿ ಉಗ್ರಾಣಿಯಾಗಿ ನೇಮಿಸಿದರು. ಊಟದ ಪದಾರ್ಥಗಳನ್ನು ಅಳೆದುಕೊಡುವುದು ಅವನ ಕೆಲಸ. ಅವನ ಸಮಕಾಲೀನರು ಬರೆದಿಟ್ಟ ಜೀವನಚರಿತ್ರೆಯಲ್ಲಿ ಒಂದು ಸಂಗತಿಯಿದೆ. ಸಂಕೋಚದಿಂದ ಬಾಯ್ದೆರೆಯದ ಸಹೋದರನಿಗೆ ಅಗತ್ಯವಿದೆಯೆಂದು ಕಂಡರೆ ಕೇಳದೆಯೇ ಕೊಡುತ್ತಿದ್ದನಂತೆ. ಅಗತ್ಯವಿಲ್ಲದವನು ಎಷ್ಟು ಬೇಡಿದರೂ ಕೊಡುತ್ತಿರಲಿಲ್ಲವಂತೆ. ಪರಿಣಾಮ ನೀವೇ ಊಹಿಸಬಲ್ಲಿರಿ. ದೂರುಗಳು ಹೋದವು, ಮಠಾಧಿಪತಿ ಅವನನ್ನು ಆ ಹೊಣೆಯಿಂದ ಬಿಡಿಸಿದರು. ಆ ಬಳಿಕ ಅವನು ತನಗೆ ತಾನೇ ಅತಿ ಕಠಿಣನಾದನು. ಭಾನುವಾರ ಬೇಯಿಸಿದ ಸೊಪ್ಪು, ಗಂಜಿಯನ್ನೇ ಮುಂದಿನ ಭಾನುವಾರದವರೆಗೆ ಉಣ್ಣುತ್ತ ಆರೋಗ್ಯ ಕೆಡಿಸಿಕೊಂಡನು. ಕೊನೆಗೆ ಮಠಾಧಿಪತಿ ಚಿಕಿತ್ಸೆಗೆಂದು ಅವನನ್ನು ಆರ್ಲ್ ನಗರಕ್ಕೆ ಕಳಿಸಬೇಕಾಯಿತು. ಅತಿಯಾಗಿ ಉಣ್ಣುವವನಂತೆ ಅತಿಯಾಗಿ ಬಿಡುವವನೂ ಅಳತೆ ತಪ್ಪಬಲ್ಲನೆಂಬುದಕ್ಕೆ ಅವನ ಬದುಕೇ ಸಾಕ್ಷಿ.

502ರಲ್ಲಿ ಅವನು ಅದೇ ಆರ್ಲಿನ ಧರ್ಮಾಧ್ಯಕ್ಷನಾಗಿ, 542ರಲ್ಲಿ ತೀರಿಕೊಳ್ಳುವವರೆಗೆ ನಲವತ್ತು ವರ್ಷ ಆ ಪೀಠದಲ್ಲಿದ್ದನು. ಅವನ ಪ್ರಬೋಧನೆಗಳಲ್ಲಿ ಕುಡುಕತನದ ವಿರುದ್ಧದ ಮಾತುಗಳು ಬಹು ಕಟುವಾದವು. ಪಂಥ ಕಟ್ಟಿ ಕುಡಿಯುವುದನ್ನು, ಒಲ್ಲೆನೆಂದ ಅತಿಥಿಗೆ ಒತ್ತಾಯದಿಂದ ಕುಡಿಸುವುದನ್ನು ಅವನು ಪಾಪವೆಂದೇ ಖಂಡಿಸಿದನು. ಮದುವೆ, ನಾಮಕರಣಗಳಲ್ಲಿ ‘ಒಂದೇ ಒಂದು’ ಎಂದು ಕೈಹಿಡಿದು ಬಲವಂತ ಮಾಡುವುದನ್ನು ಕಂಡಿರುವ ನಮಗೆ ಈ ಮಾತು ಹಳೆಯದೆನಿಸೀತೇ?

ಆದರೆ ಅವನ ಅಳತೆ ಬರೀ ನಿರಾಕರಣೆಯ ಅಳತೆಯಾಗಿರಲಿಲ್ಲ. 508ರ ಸುಮಾರಿಗೆ ಆರ್ಲ್ ನಗರದ ಮುತ್ತಿಗೆ ಮುಗಿದಾಗ ಯುದ್ಧದ ಸೆರೆಯಾಳುಗಳು ಗುಂಪುಗುಂಪಾಗಿ ಊರು ತುಂಬಿದರು. ಹಸಿದು ಬೆತ್ತಲಾಗಿದ್ದ ಅವರನ್ನು ಬಿಡಿಸಲು ಸೆಸಾರಿಯುಸನು ದೇವಾಲಯದ ಬೆಳ್ಳಿಯನ್ನೆಲ್ಲ ಕರಗಿಸಿದನು. ಪೂಜೆಯ ಪಾನಪಾತ್ರೆಗಳನ್ನೂ ಉಳಿಸಲಿಲ್ಲ. ಪ್ರಭು ಕೊನೆಯ ಭೋಜನದಲ್ಲಿ ಬಳಸಿದ್ದು ಮಣ್ಣಿನ ತಟ್ಟೆಯೇ ಹೊರತು ಬೆಳ್ಳಿಯದಲ್ಲ ಎಂಬುದು ಅವನ ಸಮರ್ಥನೆ. 513ರಲ್ಲಿ ರಾಜ ಥಿಯೊಡೊರಿಕ್ ಅವನಿಗೆ ಸುಮಾರು 60 ರೋಮನ್ ಪೌಂಡ್ ತೂಕದ ಬೆಳ್ಳಿಯ ಹರಿವಾಣವನ್ನೂ 300 ಚಿನ್ನದ ನಾಣ್ಯಗಳನ್ನೂ ಉಡುಗೊರೆಯಾಗಿ ಕಳಿಸಿದನು. ಮೂರೇ ದಿನಗಳಲ್ಲಿ ಹರಿವಾಣ ಬಹಿರಂಗವಾಗಿ ಮಾರಾಟವಾಯಿತು, ಆ ಹಣದಿಂದ ಸೆರೆಯಾಳುಗಳು ಬಿಡುಗಡೆಯಾದರು. ಮಠದ ಉಗ್ರಾಣದಲ್ಲಿ ಅವನು ಹಿಡಿದಿದ್ದ ಅಳತೆಯೇ ಇಲ್ಲಿಯೂ ಇದೆ: ಅಗತ್ಯವಿರುವವನಿಗೆ ಕೇಳದೆಯೇ ಕೊಡು.

ಅದೇ ಆರನೆಯ ಶತಮಾನದಲ್ಲಿ ಇಟಲಿಯಲ್ಲಿ ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯನ್ನು ಬರೆದರು. ದ್ರಾಕ್ಷಾರಸ ಸನ್ಯಾಸಿಗಳಿಗೆ ತಕ್ಕುದಲ್ಲವೆಂದು ಹಿರಿಯರು ಹೇಳಿದ್ದಾರೆ, ಆದರೆ ಈ ಕಾಲದವರನ್ನು ಅದಕ್ಕೆ ಒಪ್ಪಿಸುವುದು ಕಷ್ಟ ಎಂದು ಅವರು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಾರೆ. ಹಾಗಾಗಿ ದಿನಕ್ಕೆ ಒಂದು ‘ಹೆಮೀನಾ’ ಸಾಕೆಂದರು. ರೋಮನ್ ಅಳತೆಯಲ್ಲಿ ಅದು ಕಾಲು ಲೀಟರಿಗೆ ಸಮೀಪ. ನಿಖರ ಪ್ರಮಾಣದ ಬಗೆಗೆ ವಿದ್ವಾಂಸರ ಚರ್ಚೆ ನಡೆದೇ ಇದೆ. ಸಂಪೂರ್ಣ ಬಿಡಬಲ್ಲವರಿಗೆ ವಿಶೇಷ ಪ್ರತಿಫಲವಿದೆಯೆಂದೂ ಸೇರಿಸಿದರು. ಉಗ್ರಾಣಿಯ ಬಗ್ಗೆ ಅವರು ಬರೆದ ಅಧ್ಯಾಯ ಇನ್ನೂ ಮನನೀಯ. ಮಠದ ಪಾತ್ರೆ ಪರಡಿಗಳನ್ನೆಲ್ಲ ಅವನು ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕೆಂಬುದು ಅವರ ಅಪೇಕ್ಷೆ. ಅಡುಗೆಮನೆಗೂ ಬಲಿಪೀಠಕ್ಕೂ ನಡುವಿನ ಗೋಡೆಯನ್ನು ಅವರು ಒಂದೇ ಮಾತಿನಲ್ಲಿ ಕೆಡವಿಬಿಟ್ಟರು.

ಪ್ರಿಯ ಓದುಗರೇ, ಲೆರಾನ್ಸ್ ದ್ವೀಪದ ದ್ರಾಕ್ಷಾರಸ ದುಬಾರಿಯಾದುದು. ಅದನ್ನು ಕೊಳ್ಳುವವರಲ್ಲಿ ಉಳ್ಳವರೇ ಹೆಚ್ಚು. ಸೆಸಾರಿಯುಸನ ಹೆಸರು ಹೊತ್ತ ಆ ಬಾಟಲಿಯನ್ನು ಅವನೇ ಕಂಡಿದ್ದರೆ ಏನೆನ್ನುತ್ತಿದ್ದನೋ ಎಂದು ಯೋಚಿಸದಿರಲಾಗದು. ಮಾರಿ ಬಡವರಿಗೆ ಹಂಚಿರೆನ್ನುತ್ತಿದ್ದನೇನೋ. ಆದರೂ ಆ ಹೆಸರು ಬಾಟಲಿಯ ಮೇಲಿರುವುದು ಒಳ್ಳೆಯದೇ. ಸುರಿಯುವ ಕೈಗೆ ಅದೊಂದು ಎಚ್ಚರಿಕೆ.

ನಮ್ಮ ಬಲಿಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಜೊತೆಯಾಗಿಯೇ ಪೀಠಕ್ಕೆ ಬರುತ್ತವೆ. ಎರಡೂ ಭೂಮಿಯ ಫಲ, ಎರಡೂ ಮನುಷ್ಯರ ದುಡಿಮೆ, ಎರಡೂ ಹಂಚಿಕೊಳ್ಳಲೆಂದೇ ಇರುವಂಥವು. ಊಟದಿಂದ, ದುಡಿಮೆಯಿಂದ, ಮನೆಮಂದಿಯಿಂದ ಬೇರ್ಪಟ್ಟು ಕತ್ತಲಲ್ಲಿ ಒಬ್ಬನೇ ಸುರಿದುಕೊಳ್ಳುವ ಲೋಟಕ್ಕೆ ಆ ಪೀಠದ ನಂಟಿಲ್ಲ. ಕುಡಿತವನ್ನು ಪೂರ್ತಿ ಬಿಟ್ಟರೆ ಮಾತ್ರ ಬದುಕು ಉಳಿಯುವವರೂ ನಮ್ಮ ನಡುವೆ ಇದ್ದಾರೆ. ಅವರ ಪಾಲಿಗೆ ಸರಿಯಾದ ಅಳತೆಯೆಂದರೆ ಸೊನ್ನೆಯೇ. ಅಂಥವರು ನಿಮ್ಮ ಮನೆಯ ಹಬ್ಬಕ್ಕೆ ಬಂದಾಗ ಒತ್ತಾಯಿಸದೆ ಒಂದು ಲೋಟ ಪಾನಕ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಿ. ಉಗ್ರಾಣಿಯಾಗಿದ್ದ ಸೆಸಾರಿಯುಸನು ಅವರಿಗೆ ಅಳೆದುಕೊಡುತ್ತಿದ್ದುದೂ ಅದನ್ನೇ.