ಎರಡನೆಯ ಮಾಲೀಕನ ರೇಂಜ್ ರೋವರ್

ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಹಳ್ಳಿಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಸೇನೆಯ ಸಾಮಾನುಗಳಲ್ಲಿ ವಿಲ್ಲೀಸ್ ಜೀಪೂ ಒಂದು. ರೋವರ್ ಕಂಪನಿಯ ಮುಖ್ಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ವೇಲ್ಸ್‌ನ ಆಂಗಲ್ಸಿ ದ್ವೀಪದಲ್ಲಿದ್ದ ತಮ್ಮ ಜಮೀನಿನ ಕೆಲಸಕ್ಕೆ ಅಂಥದ್ದೊಂದು ಹಳೆಯ ಜೀಪನ್ನು ಇಟ್ಟುಕೊಂಡಿದ್ದರು. ಅದು ಪೂರ್ತಿ ಸವೆದ ದಿನ ಬದಲಿಗೆ ಕೊಳ್ಳಲು ಬ್ರಿಟಿಷ್ ಗಾಡಿ ಒಂದೂ ಇರಲಿಲ್ಲ. ಆ ಕೊರತೆಯೇ ಲ್ಯಾಂಡ್ ರೋವರ್‌ಗೆ ಕಾರಣವಾಯಿತು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್‌ನ ಮೋಟಾರು ಪ್ರದರ್ಶನದಲ್ಲಿ ಅದು ಜನರ ಮುಂದೆ ಬಂತು. ಉಕ್ಕಿಗೆ ಆಗ ರೇಷನ್. ಹಾಗಾಗಿ ಮೈಗೆ ಅಲ್ಯೂಮಿನಿಯಂ ಹೊದಿಸಿದರು. ನಮ್ಮ ಮಲೆನಾಡಿನ ತೋಟಗಳವರು ಡಿಸ್ಪೋಸಲ್ ಜೀಪು ಎಂದು ಕರೆಯುತ್ತಿದ್ದ ಗಾಡಿಗಳೂ ವಿಲ್ಕ್ಸ್ ಇಟ್ಟುಕೊಂಡಿದ್ದ ಜೀಪಿನ ಕುಲದವೇ. ಕೆಸರು, ಏರು, ಮೂಟೆ ಇವಕ್ಕಾಗಿ ಹುಟ್ಟಿದ ನಾಲ್ಕು ಚಕ್ರ ಚಾಲನೆಯ ಗಾಡಿ ಕ್ರಮೇಣ ಕೋಟಿಗಟ್ಟಲೆ ಬೆಲೆಯ ಐಷಾರಾಮಿ ವಾಹನವಾದ ಕಥೆಯ ಮೊದಲ ಪುಟದಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ನಿಂತಿದೆ.

ಅರವತ್ತರ ದಶಕದ ನಡುವಿಗೆ ಬರುವಾಗ ರೋವರ್ ಎಂಜಿನಿಯರ್‌ಗಳಾದ ಸ್ಪೆನ್ ಕಿಂಗ್ ಮತ್ತು ಗಾರ್ಡನ್ ಬ್ಯಾಶ್‌ಫರ್ಡ್ ಇನ್ನೊಂದು ಯೋಚನೆಗೆ ಕೈಹಾಕಿದರು. ಹೊಲದಲ್ಲೂ ಓಡಬೇಕು, ಹೆದ್ದಾರಿಯಲ್ಲಿ ಕಾರಿನಂತೆಯೂ ಸಾಗಬೇಕು, ಅಂಥ ಗಾಡಿ. ಎಲೆಪಟ್ಟಿಯ ಬದಲು ಉದ್ದ ಚಲನೆಯ ಕಾಯಿಲ್ ಸ್ಪ್ರಿಂಗ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಸದಾಕಾಲ ನಾಲ್ಕು ಚಕ್ರಗಳಿಗೂ ಹರಿಯುವ ಶಕ್ತಿ. ಎಂಜಿನ್ನಿನ ಮೂಲವೂ ಸ್ವಾರಸ್ಯವಾದದ್ದು. ಅಮೆರಿಕದ ಜನರಲ್ ಮೋಟಾರ್ಸ್ ಬ್ಯೂಕ್ ಕಾರಿಗೆಂದು ಮಾಡಿ ಕೆಲವೇ ವರ್ಷಗಳಲ್ಲಿ ಕೈಬಿಟ್ಟಿದ್ದ ಅಲ್ಯೂಮಿನಿಯಂ ವಿ8 ವಿನ್ಯಾಸದ ಹಕ್ಕನ್ನು ರೋವರ್ 1965ರಲ್ಲಿ ಕೊಂಡಿತ್ತು. ಅದೇ 3.5 ಲೀಟರಿನ ವಿ8 ಆಗಿ ಹೊಸ ಗಾಡಿಯ ಎದೆಗೆ ಬಂತು. ಪರೀಕ್ಷಾರ್ಥ ಗಾಡಿಗಳ ಗುರುತು ಮುಚ್ಚಿಡಲು ಅವುಗಳ ಮೂತಿಗೆ 'ವೆಲಾರ್' ಎಂಬ ಹೆಸರು ಅಂಟಿಸಿದ್ದರು.

1970ರ ಜೂನ್‌ನಲ್ಲಿ ರೇಂಜ್ ರೋವರ್ ಬಿಡುಗಡೆಯಾಯಿತು. ಬೆಲೆ 1,998 ಪೌಂಡ್. ಎರಡೇ ಬಾಗಿಲು, ಪ್ಲಾಸ್ಟಿಕ್ ಹೊದಿಕೆಯ ಸೀಟು, ನೆಲಕ್ಕೆ ರಬ್ಬರ್ ಹಾಸು. ಕುರಿ ಸಾಗಿಸಿದ ಸಂಜೆ ಪೈಪು ಹಿಡಿದು ಒಳಗಡೆಯೂ ನೀರು ಬಿಟ್ಟು ತೊಳೆಯಬಹುದಿತ್ತು. ಐಷಾರಾಮ ಅನ್ನುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಆದರೂ ಮಾರನೆಯ ವರ್ಷ ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಕೈಗಾರಿಕಾ ವಿನ್ಯಾಸದ ಮಾದರಿಯೆಂದು ಅದನ್ನು ಪ್ರದರ್ಶನಕ್ಕಿಟ್ಟರು. ಕಂಪನಿ ಬೇಡಿಕೆಗೆ ತಕ್ಕಷ್ಟು ತಯಾರಿಸಲಾರದೆ ಹೋಯಿತು. ಕಾಯುವವರ ಪಟ್ಟಿ ಬೆಳೆಯಿತು. ಪರಿಣಾಮವಾಗಿ ಆ ಮೊದಲ ವರ್ಷಗಳಲ್ಲಿ ಸ್ವಲ್ಪ ಓಡಿದ ರೇಂಜ್ ರೋವರ್ ಷೋರೂಮಿನ ಬೆಲೆಗಿಂತ ಹೆಚ್ಚಿಗೆ ಮಾರಾಟವಾಗುತ್ತಿತ್ತು. ಇಂದು ಇದೇ ಹೆಸರಿನ ಗಾಡಿಗಳ ಮರುಮಾರಾಟದ ಬೆಲೆ ಎಷ್ಟು ಕಡಿದಾಗಿ ಇಳಿಯುತ್ತದೆ ಎಂದು ಬಲ್ಲವರಿಗೆ ಇದು ನಂಬಲು ಕಷ್ಟವಾದ ಸಂಗತಿ.

ಗಟ್ಟಿತನದ ಹೆಸರು ಕಾಡಿನಲ್ಲೂ ಮರಳಿನಲ್ಲೂ ಬೆಳೆಯಿತು. 1971–72ರಲ್ಲಿ ಜಾನ್ ಬ್ಲ್ಯಾಶ್‌ಫರ್ಡ್-ಸ್ನೆಲ್ ನೇತೃತ್ವದ ಬ್ರಿಟಿಷ್ ಸೇನಾ ತಂಡ ಎರಡು ರೇಂಜ್ ರೋವರ್‌ಗಳನ್ನು ಅಲಾಸ್ಕಾದಿಂದ ದಕ್ಷಿಣ ಅಮೆರಿಕದ ತುದಿಯವರೆಗೆ ಓಡಿಸಿತು. ನಡುವೆ ರಸ್ತೆಯೇ ಇಲ್ಲದ ಡೇರಿಯನ್ ಕಾಡಿನಲ್ಲಿ ಗಾಡಿಗಳು ಜವುಗಿನಲ್ಲಿ ಹೂತು, ಹಿಂದಿನ ಡಿಫರೆನ್ಷಿಯಲ್‌ಗಳು ಒಡೆದು, ತಿಂಗಳುಗಟ್ಟಲೆ ಒದ್ದಾಡಿ ಹೊರಬಂದವು. 1979ರ ಮೊದಲ ಪ್ಯಾರಿಸ್–ಡಕಾರ್ ರ‍್ಯಾಲಿಯ ಕಾರು ವಿಭಾಗದಲ್ಲೂ 1981ರಲ್ಲೂ ಗೆದ್ದದ್ದು ಇದೇ ಗಾಡಿ.

ಈ ಖ್ಯಾತಿ ಕೇಳಿ ಹಳೆಯ ಗಾಡಿ ಕೊಂಡವರಿಗೆ ಮಾತ್ರ ತುಕ್ಕಿನ ಪಾಠ ಕಾದಿತ್ತು. ಹೊರಮೈ ಬಹುಪಾಲು ಅಲ್ಯೂಮಿನಿಯಂ, ಅದಕ್ಕೆ ತುಕ್ಕಿಲ್ಲ ಎಂಬ ಮಾತು ಅರ್ಧ ಸತ್ಯ. ಆ ಹಾಳೆಗಳನ್ನು ಹೊತ್ತ ಒಳ ಚೌಕಟ್ಟು ಉಕ್ಕಿನದು. ಎರಡು ಲೋಹ ತಾಗುವ ಕಡೆ ನೀರು, ಚಳಿಗಾಲದ ರಸ್ತೆಯ ಉಪ್ಪು ಸೇರಿದರೆ ಕೊರೆತ ಶುರು. ಹಿಂಬದಿಯ ಕೆಳಬಾಗಿಲು, ಬಾಗಿಲ ಕೆಳಗಿನ ಪಟ್ಟಿ, ಡಿಕ್ಕಿಯ ನೆಲ ಮೊದಲು ಹೋಗುತ್ತಿದ್ದವು. ಹಾಗಾಗಿ ಅನುಭವಸ್ಥರು ಗಾಡಿ ನೋಡಲು ಹೋದಾಗ ಬಾನೆಟ್ ಎತ್ತುವ ಮುನ್ನ ಹಿಂದೆ ಹೋಗಿ ಡಿಕ್ಕಿಯ ಕಾರ್ಪೆಟ್ ಎತ್ತುತ್ತಿದ್ದರು. ಅದರಡಿ ಒದ್ದೆ ಇದ್ದರೆ, ಸ್ಕ್ರೂ ಡ್ರೈವರ್ ತುದಿ ಒತ್ತಿದ ಕಡೆ ತಗಡು ಪದರ ಪದರವಾಗಿ ಬಿಟ್ಟುಕೊಂಡರೆ, ಹೊರಗಿನ ಬಣ್ಣ ಎಷ್ಟು ಹೊಳೆದರೂ ಚೌಕಾಸಿ ಅಲ್ಲಿಗೇ ನಿಲ್ಲುತ್ತಿತ್ತು.

ಎಂಬತ್ತರ ದಶಕ ಈ ಗಾಡಿಯ ಜಾತಕವನ್ನೇ ಬದಲಿಸಿತು. ಕಂಪನಿಗಿಂತ ಮುಂಚೆ ಗಿರಾಕಿಗಳೇ ಐಷಾರಾಮ ಬಯಸಿದ್ದರು. ಕೊಲ್ಲಿ ದೇಶಗಳ ಶ್ರೀಮಂತರಿಗಾಗಿ ಖಾಸಗಿ ಕಾರ್ಯಾಗಾರಗಳು ಚರ್ಮದ ಸೀಟು, ಮರದ ಹಲಗೆ, ಉದ್ದ ಮಾಡಿದ ಮೈ ಎಲ್ಲ ಕೂಡಿಸಿ ಕೊಡುತ್ತಿದ್ದವು. ಸ್ವಿಟ್ಜರ್ಲೆಂಡಿನ ಮಾಂಟೆವೆರ್ಡಿ ನಾಲ್ಕು ಬಾಗಿಲ ರೇಂಜ್ ರೋವರ್ ಮಾಡಿ ತೋರಿಸಿತು. 1981ರಲ್ಲಿ ಕಂಪನಿ ತಾನೇ ನಾಲ್ಕು ಬಾಗಿಲು ತಂದಿತು. ಅದೇ ವರ್ಷ ಫ್ಯಾಷನ್ ಪತ್ರಿಕೆ 'ವೋಗ್' ಹೆಸರಿನ ವಿಶೇಷ ಮಾದರಿ, ಮರುವರ್ಷ ಆಟೊಮ್ಯಾಟಿಕ್ ಗೇರು, 1987ರಲ್ಲಿ ಅಮೆರಿಕದ ಮಾರುಕಟ್ಟೆ, ದಶಕದ ಕೊನೆಗೆ ಎಬಿಎಸ್, 1992ರಲ್ಲಿ ಗಾಳಿ ತುಂಬಿದ ಸಸ್ಪೆನ್ಷನ್. ಸ್ಪೆನ್ ಕಿಂಗ್ ಅವರಿಗೆ ಈ ತಿರುವು ಹಿಡಿಸಲಿಲ್ಲ. ಮಕ್ಕಳನ್ನು ಶಾಲೆಗೆ ಬಿಡಲು ಪೇಟೆಯಲ್ಲಿ ಇಂಥ ಗಾಡಿ ಓಡಿಸುವುದು ಮೂರ್ಖತನ ಎಂಬರ್ಥದ ಮಾತನ್ನು ತಮ್ಮ ಇಳಿವಯಸ್ಸಿನಲ್ಲಿ ಬಹಿರಂಗವಾಗಿಯೇ ಆಡಿದರು. ಅವರು 2010ರಲ್ಲಿ ತೀರಿಕೊಂಡರು.

ಹೊಸತು ಮೆರೆಯತೊಡಗಿದಂತೆ ಹಳೆಯ ಎರಡು ಬಾಗಿಲಿನ ಗಾಡಿಗಳ ಬೆಲೆ ನೆಲಕಚ್ಚಿತು. ಲೀಟರಿಗೆ ಐದಾರು ಕಿಲೋಮೀಟರ್ ಕೊಡುವ ವಿ8 ಯಾರಿಗೆ ಬೇಕು? ಕೆಲವರು ಗ್ಯಾಸ್ ಕಿಟ್ ಹಾಕಿಸಿ ಓಡಿಸಿದರು. ಹೆಚ್ಚಿನವು ಬಿಡಿಭಾಗಕ್ಕೆ ಹೋದವು. ಎಂಜಿನ್ ತೆಗೆದು ಕಿಟ್ ಕಾರುಗಳಿಗೆ, ಆಕ್ಸೆಲ್ ತೆಗೆದು ಬೇರೆ ಲ್ಯಾಂಡ್ ರೋವರ್‌ಗೆ ಹಾಕಿದರು. ಗುಡ್ಡ ಹತ್ತುವ ಸ್ಪರ್ಧೆಯ ಹವ್ಯಾಸಿಗಳು ಹಿಂಬದಿಯ ಚಾಚನ್ನು ಗರಗಸದಿಂದ ಕತ್ತರಿಸಿ ಮೋಟು ಮಾಡಿಕೊಂಡರು. ಲೂವ್ರ್‌ನಲ್ಲಿ ನಿಂತಿದ್ದ ಆಕಾರಕ್ಕೆ ಈ ಗತಿ ಬಂದದ್ದು ನೋವಿನ ವಿಷಯವೇ. 1996ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಮೂರು ಲಕ್ಷಕ್ಕೂ ಮಿಕ್ಕಿ ತಯಾರಾಗಿದ್ದರೂ ಮೊದಮೊದಲಿನವು ಅಪರೂಪವಾಗಿಬಿಟ್ಟವು. 2017ರಲ್ಲಿ ಕಂಪನಿಯೇ ಹಳೆಯ ಎರಡು ಬಾಗಿಲಿನ ಗಾಡಿಗಳನ್ನು ಬಿಚ್ಚಿ, ಮರುಜೋಡಿಸಿ, 1,35,000 ಪೌಂಡಿನಿಂದ ಮೇಲಕ್ಕೆ ಮಾರಲು ಶುರು ಮಾಡಿತು.

ಎರಡನೆಯ ಮಾಲೀಕನನ್ನು ನಿಜವಾಗಿ ಸುಸ್ತು ಮಾಡಿದ್ದು 1994ರಲ್ಲಿ ಬಂದ ಎರಡನೆಯ ಪೀಳಿಗೆ. ಸೋಲಿಹಲ್ ಕಾರ್ಖಾನೆಯ ಒಂದು ಕಟ್ಟಡದ ಹೆಸರಿನಿಂದ ಅದಕ್ಕೆ ಪಿ38ಎ ಎಂಬ ಗುರುತು ಅಂಟಿಕೊಂಡಿದೆ. ಅದರ ಮೇಲ್ಮಟ್ಟದ ಮಾದರಿ ಹೊಸದಾಗಿದ್ದಾಗ 40 ಸಾವಿರ ಪೌಂಡ್ ದಾಟಿತ್ತು. ಹದಿನೈದು ವರ್ಷ ಕಳೆದಾಗ ಒಂದೆರಡು ಸಾವಿರಕ್ಕೂ ಕೇಳುವವರು ಕಡಿಮೆ.

ಕಾರಣ ಬಹುಮಟ್ಟಿಗೆ ಗಾಳಿಯದು. ಉಕ್ಕಿನ ಸ್ಪ್ರಿಂಗ್ ಬದಲು ನಾಲ್ಕು ರಬ್ಬರ್ ಚೀಲಗಳು ಗಾಡಿಯನ್ನು ಹೊರುತ್ತವೆ. ಗುಂಡಿ ಒತ್ತಿದರೆ ಏರುತ್ತದೆ, ಇಳಿಯುತ್ತದೆ. ವರ್ಷ ಕಳೆದಂತೆ ರಬ್ಬರ್ ಮಡಚುವ ಜಾಗದಲ್ಲಿ ಸಣ್ಣ ಬಿರುಕು ಏಳುತ್ತದೆ, ವಾಲ್ವ್ ಪೆಟ್ಟಿಗೆಯ ಉಂಗುರಗಳು ಗಟ್ಟಿಯಾಗುತ್ತವೆ. ಗಾಳಿ ಸೋರಿದಂತೆಲ್ಲ ಕಂಪ್ರೆಸರ್ ಬಿಡುವಿಲ್ಲದೆ ತುಂಬುತ್ತದೆ, ಕೊನೆಗೆ ಅದೂ ಸುಟ್ಟುಹೋಗುತ್ತದೆ. ಅಂದರೆ ನಾಲ್ಕು ಚೀಲದ ಖರ್ಚು ತಪ್ಪಿಸಿಕೊಂಡವನು ಕಂಪ್ರೆಸರನ್ನೂ ಕೊಳ್ಳಬೇಕು. ಇದನ್ನು ಬಲ್ಲ ಗಿರಾಕಿ ಗಾಡಿಯನ್ನು ಅತಿ ಎತ್ತರಕ್ಕೆ ಏರಿಸಿ ನಿಲ್ಲಿಸಿ, ಚೀಲದ ಮಡಿಕೆಗಳಿಗೆ ಸೋಪಿನ ನೀರು ಸಿಂಪಡಿಸಿ ಗುಳ್ಳೆ ಬರುತ್ತದೆಯೇ ಎಂದು ಕಾಯುತ್ತಾನೆ. ರಾತ್ರಿ ಮಟ್ಟಸವಾಗಿ ನಿಂತ ಗಾಡಿ ಬೆಳಿಗ್ಗೆ ಒಂದು ಮೂಲೆಗೆ ಕುಸಿದಿದ್ದರೆ ಪರೀಕ್ಷೆಯೇ ಬೇಡ. ಬೇಸತ್ತ ಅನೇಕರು ಗಾಳಿ ವ್ಯವಸ್ಥೆಯನ್ನೇ ಕಿತ್ತು, 1970ರ ಹಾಗೆ ಮತ್ತೆ ಕಾಯಿಲ್ ಸ್ಪ್ರಿಂಗ್ ಹಾಕಿಸಿಕೊಂಡರು.

ವಿದ್ಯುತ್ತಿನ ಕಾಟ ಬೇರೆ. ಬಾಗಿಲು, ದೀಪ, ಕಿಟಕಿ, ಕಳ್ಳತನ ತಡೆ ಎಲ್ಲವನ್ನೂ ಸೀಟಿನ ಕೆಳಗಿನ ಒಂದೇ ಕಂಪ್ಯೂಟರ್ ಪೆಟ್ಟಿಗೆ ಆಳುತ್ತಿತ್ತು. ಸುತ್ತಲಿನ ಯಾವುದೋ ರೇಡಿಯೊ ಅಲೆಯನ್ನು ಬೀಗದ ರಿಮೋಟ್ ಎಂದು ಭ್ರಮಿಸಿ ನಿಂತ ಗಾಡಿಯಲ್ಲಿ ಆ ಪೆಟ್ಟಿಗೆ ಮತ್ತೆ ಮತ್ತೆ ಎಚ್ಚರಗೊಳ್ಳುತ್ತಿತ್ತು. ಕೆಲವು ದಿನದಲ್ಲಿ ಬ್ಯಾಟರಿ ಖಾಲಿ. ಹಳ್ಳಿಯ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ರಿಪೇರಿ ಮಾಡಬಹುದಾದ ಗಾಡಿಯ ಕಾಲ ಅಲ್ಲಿಗೆ ಮುಗಿದು ಸ್ಕ್ಯಾನರ್ ಇಲ್ಲದೆ ಕೈಹಾಕಲಾಗದ ಕಾಲ ಬಂತು. ಮೊದಲ ಮಾಲೀಕ ಅನುಭವಿಸಿದ ಪ್ರತಿ ಸೌಕರ್ಯದ ಬಾಕಿ ಬಿಲ್ಲು ಎರಡನೆಯವನ ವಿಳಾಸಕ್ಕೆ ಬರುತ್ತದೆ ಎಂಬುದಕ್ಕೆ ಪಿ38ಎಗಿಂತ ಸ್ಪಷ್ಟ ಸಾಕ್ಷ್ಯ ಸಿಗುವುದಿಲ್ಲ.

ಕಂಪನಿಯೂ ಕೈಯಿಂದ ಕೈಗೆ ದಾಟುತ್ತಲೇ ಇತ್ತು. 1994ರಲ್ಲಿ ಬಿಎಂಡಬ್ಲ್ಯು, 2000ದಲ್ಲಿ ಫೋರ್ಡ್, 2008ರ ಜೂನ್‌ನಲ್ಲಿ 230 ಕೋಟಿ ಡಾಲರ್ ಕೊಟ್ಟು ಜಾಗ್ವಾರ್ ಜೊತೆಗೆ ಟಾಟಾ ಮೋಟಾರ್ಸ್. 2012ರ ನಾಲ್ಕನೆಯ ಪೀಳಿಗೆಯಲ್ಲಿ ಇಡೀ ಮೈಯೇ ಅಲ್ಯೂಮಿನಿಯಂ ಆಯಿತು, ತೂಕದಲ್ಲಿ 420 ಕಿಲೋವರೆಗೆ ಉಳಿತಾಯವಾಯಿತು. ಹಳೆಯ ತುಕ್ಕಿನ ಭಯ ಹೋಯಿತು. ಅದರ ಜಾಗಕ್ಕೆ ಹೊಸ ಭಯಗಳು ಬಂದವು. ಇದೇ ಕಂಪನಿಯ ಡಿಸ್ಕವರಿ, ರೇಂಜ್ ರೋವರ್ ಸ್ಪೋರ್ಟ್‌ಗಳ ವಿ6 ಡೀಸೆಲ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಮುರಿದ ಪ್ರಕರಣಗಳು ಹಳೆ ಗಾಡಿಯ ಮಾರುಕಟ್ಟೆಯಲ್ಲಿ ಎಲ್ಲರಿಗೂ ಗೊತ್ತು. ಬ್ರಿಟನ್ನಿನಲ್ಲಿ ಕೀಲಿ ತೂರಿಸದೆ ಶುರುವಾಗುವ ಗಾಡಿಗಳ ಸಂಕೇತವನ್ನು ಮನೆಯ ಹೊರಗಿನಿಂದಲೇ ಹಿಡಿದು ಕದಿಯುವ ಜಾಲ ಹಬ್ಬಿತು. ಕೆಲವು ಮಾಲೀಕರಿಗೆ ವಿಮೆಯೇ ದುಬಾರಿಯಾಗಿ, 2023ರಲ್ಲಿ ಕಂಪನಿ ಹಳೆಯ ಗಾಡಿಗಳ ಭದ್ರತೆ ಸುಧಾರಿಸಲು ಒಂದು ಕೋಟಿ ಪೌಂಡಿಗೂ ಹೆಚ್ಚು ಹಣ ತೆಗೆದಿಟ್ಟಿತು.

ಭಾರತದಲ್ಲಿ ಹಳೆಯ ರೇಂಜ್ ರೋವರ್ ಬೆಲೆಯನ್ನು ನಿರ್ಧರಿಸುವುದರಲ್ಲಿ ಮೆಕ್ಯಾನಿಕ್‌ನಷ್ಟೇ ಪಾತ್ರ ಕೋರ್ಟು, ಆರ್‌ಟಿಒಗಳದ್ದೂ ಇದೆ. ದೆಹಲಿ ವಲಯದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದು ಅದೇ ಕೋರ್ಟ್ ಹೇಳುವವರೆಗೆ, ಅಲ್ಲಿ ಎಂಟೊಂಬತ್ತು ವರ್ಷ ತುಂಬಿದ ಐಷಾರಾಮಿ ಡೀಸೆಲ್ ಗಾಡಿಗೆ ಗಡುವು ಸಮೀಪಿಸಿದಂತೆ ಬೆಲೆ ಕರಗುತ್ತಿತ್ತು. ಅವು ಎನ್‌ಒಸಿ ಹಿಡಿದು ದಕ್ಷಿಣಕ್ಕೂ ಬಂದವು.

ದೆಹಲಿಯ ಬೆಲೆ ಕೇಳಿ ಹಿಗ್ಗಿದ ಬೆಂಗಳೂರಿನ ಗಿರಾಕಿ ಇನ್ನೊಂದು ಲೆಕ್ಕ ಹಾಕಲೇಬೇಕು. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಉಳಿದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇಲ್ಲಿನ ನೋಂದಣಿ ಆಗಬೇಕು. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗೆ ಮೇಲ್ಪಟ್ಟ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಹಳೆಯ ಗಾಡಿಗೆ ವಯಸ್ಸು ನೋಡಿ ಕಡಿತ ಕೊಡುತ್ತಾರೆ, ನಿಜ. ಆದರೆ ತೆರಿಗೆಗೆ ಆಧಾರ ಗಿರಾಕಿ ಈಗ ಕೊಟ್ಟ ಹಣ ಅಲ್ಲ, ಗಾಡಿಯ ಮೂಲ ಬೆಲೆ. ಕೋಟಿಯ ಗಾಡಿಯನ್ನು ಅದರ ಕಾಲುಭಾಗಕ್ಕೆ ಕೊಂಡರೂ ಆರ್‌ಟಿಒ ಕಡತದಲ್ಲಿ ಅದು ಕೋಟಿಯದೇ.

2024ರ ಮೇ ತಿಂಗಳಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಎಳೆ ಸೇರಿತು. ರೇಂಜ್ ರೋವರ್ ಮತ್ತು ರೇಂಜ್ ರೋವರ್ ಸ್ಪೋರ್ಟ್‌ಗಳನ್ನು ಪುಣೆಯಲ್ಲೇ ಜೋಡಿಸುವುದಾಗಿ ಕಂಪನಿ ಪ್ರಕಟಿಸಿತು. ಆಮದು ಸುಂಕ ತಗ್ಗಿ ಹೊಸ ಗಾಡಿಗಳ ಬೆಲೆ ಶೇ 18ರಿಂದ 22ರಷ್ಟು ಇಳಿಯಿತು; ರೇಂಜ್ ರೋವರ್ 2.36 ಕೋಟಿ ರೂಪಾಯಿಯಿಂದ ಶುರುವಾಯಿತು. ಹಿಂದಿನ ವರ್ಷವಷ್ಟೇ ಪೂರ್ಣ ಆಮದು ಗಾಡಿ ಕೊಂಡಿದ್ದವರು ಮಾರಲು ಹೊರಟರೆ ಗಿರಾಕಿ ಹೋಲಿಸುವುದು ಪುಣೆಯಿಂದ ಬಂದ ಹೊಚ್ಚಹೊಸ ಗಾಡಿಯ ಬೆಲೆಯೊಂದಿಗೆ. ಅದೇ ಆಮದು ಗಾಡಿ ಬೇರೆ ರಾಜ್ಯದಿಂದ ಕರ್ನಾಟಕಕ್ಕೆ ಬಂದರೆ ಅದರ ದುಬಾರಿ ಮೂಲ ಬೆಲೆಯ ಮೇಲೆಯೇ ತೆರಿಗೆ ಬೀಳುತ್ತದೆ. ಆದ್ದರಿಂದ ಈಗ ಜಾಣ ಗಿರಾಕಿ ಗಾಡಿಯ ಕೆಳಗೆ ಬಗ್ಗಿ ಗಾಳಿ ಚೀಲ ನೋಡುವ ಮೊದಲು ಅದರ ಮೊದಲ ಇನ್‌ವಾಯ್ಸ್ ತೋರಿಸಿ ಎನ್ನುತ್ತಾನೆ.